ಸೊಸೆಯ ಕಂಪ್ಯೂಟರಿಗೆ ಕಾರ್ಡು ಹಾಕಿಸಿದ್ದು

ಬೇರೆಯವರ ಮನೆಯಲ್ಲಿ ಬಲ್ಬು ಸುಟ್ಟರೆ ಬಲ್ಬು ಬದಲಿಸುತ್ತಾರೆ. ನಮ್ಮ ಮನೆಯಲ್ಲಿ ಮೊದಲು ಎಲ್ಲರೂ ಅದರ ಕೆಳಗೆ ನಿಂತು ಒಂದೊಂದು ಅಭಿಪ್ರಾಯ ಹೇಳುತ್ತಾರೆ. ಧಾರವಾಡದ ಕಡೆಯಿಂದ ಮದುವೆಯಾಗಿ ಕೊಂಕಣಿ ಮಾತಿನ ಊರಾದ ಮಡಗಾಂವ್‌ಗೆ ಬಂದ ನಾನು ಇಲ್ಲೇ ಮುದುಕಿಯಾದೆ. ಊರು ಬದಲಾಯಿತು, ಭಾಷೆ ಬದಲಾಯಿತು, ಮನೆಯ ಈ ರೀತಿ ಮಾತ್ರ ಬದಲಾಗಲಿಲ್ಲ. ಹಾಗಾಗಿ ನಮ್ಮಲ್ಲಿ ಸಣ್ಣ ಕೆಲಸ ಅಂತ ಒಂದೂ ಇಲ್ಲ.

ಎರಡು ಸಾವಿರದ ಒಂಬತ್ತೋ ಹತ್ತೋ ಇರಬೇಕು. ಕೆಳಗೆ ನಮ್ಮ ಸೀರೆ ಅಂಗಡಿ, ಮೇಲೆ ಮನೆ. ಸೊಸೆ ಕಂಪ್ಯೂಟರಿನಲ್ಲಿ ಮನೆಗಳ ಒಳಗಿನ ನಕ್ಷೆ ತೆಗೆಯುವುದನ್ನು ಕಲಿತಿದ್ದಳು. ಮ್ಹಾಪಸಾದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ ಒಬ್ಬ ಕ್ರಿಶ್ಚನ್ ಹೆಂಗಸು, "ನನ್ನ ಅಡಿಗೆಮನೆ ಹೇಗಿರುತ್ತದೆ ಅಂತ ರವಿವಾರ ಬಂದು ನೋಡುತ್ತೇನೆ. ಹಿಡಿಸಿದರೆ ಇಡೀ ಮನೆ ನಿನಗೇ" ಎಂದಿದ್ದರು. ಸೊಸೆಗೆ ಅದು ಮೊದಲನೆಯ ಕೆಲಸ. ಚಿತ್ರವೇನೋ ಚಂದ ಬಂತು. ಆದರೆ ಆ ಅಡಿಗೆಮನೆಯನ್ನು ಸ್ವಲ್ಪ ತಿರುಗಿಸಿ ತೋರಿಸಲು ಹೋದರೆ ಕಂಪ್ಯೂಟರ್ ಹ್ಯಾಂಗ್ ಆಗುತ್ತಿತ್ತು. ಅಂಗಡಿಯ ಲೆಕ್ಕಕ್ಕೆಂದು ಕಂಪನಿಯಿಂದ ತಯಾರಾಗಿಯೇ ಬಂದ ಕಂಪ್ಯೂಟರ್ ಅದು. ಒಳಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಚಿತ್ರದ ಭಾರವನ್ನು ಅದೇ ಹೊರುತ್ತದೆಯಂತೆ.

"ಇದು ಕೈತಪ್ಪಿತು ಅಂದ್ರ ನಾ ಮತ್ತ ಬ್ಲೌಸ್‌ಪೀಸಿನ ಕೌಂಟರಿಗೇ ಕೂಡ್ಬೇಕ್ರಿ ಅತ್ತಿ" ಅಂದಳು. ಮುಖ ನೋಡಲಾಗಲಿಲ್ಲ.

ಸೀಲು

ಸೊಸೆ ಸ್ಕ್ರೂಡ್ರೈವರ್ ಹಿಡಿದಿದ್ದೇ ತಡ, ಮಗ ಓಡಿಬಂದು ಕಂಪ್ಯೂಟರಿನ ಮುಂದೆ ಕೈ ಚಾಚಿ ನಿಂತ.

"ಮುಟ್ಟಬ್ಯಾಡ! ಕಂಪನಿ ಸೀಲ್ ಒಡದ್ರ ಗ್ಯಾರಂಟಿ ಹೋಗತೈತಿ."

ಆ ಸೀಲಿನ ಚೀಟಿಯನ್ನು ಅವನು ಕಾಯ್ದಷ್ಟು ಜತನದಿಂದ ನಾನು ನನ್ನ ತವರಿನ ಬಂಗಾರವನ್ನೂ ಕಾಯ್ದಿಲ್ಲ. ಮನೆಗೆಲಸದವಳು ಅಲ್ಲಿ ಒದ್ದೆ ಬಟ್ಟೆಯಿಂದ ಒರೆಸುವ ಹಾಗಿರಲಿಲ್ಲ.

"ಅದ್ರ ಗ್ಯಾರಂಟಿ ಎಂದಿನ ತನಕ ಐತ್ರಿ?" ಸೊಸೆ ಮೆಲ್ಲಗೆ ಕೇಳಿದಳು.

ಮಗ ಕಪಾಟಿನಿಂದ ರಸೀದಿ ತಂದು ಕನ್ನಡಕ ಹಾಕಿಕೊಂಡು ನೋಡಿದ. ತಿರುಗಿಸಿ ನೋಡಿದ. ಗ್ಯಾರಂಟಿ ಮುಗಿದು ಎರಡು ದೀಪಾವಳಿ ಆಗಿಹೋಗಿದ್ದವು.

ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತದೆ ಕೇಳಿದರು: "ಅಲ್ಲೋ, ಸತ್ತ ಎಮ್ಮಿಗೆ ಇಷ್ಟು ದಿವ್ಸ ಮೇವು ಹಾಕ್ಕೋಂತ ಕುಂತಿದ್ಯೇನು?"

ಗೇಣಿನ ಅಳತೆ

ಕಾರ್ಡು ಕೊಳ್ಳಲು ಯಜಮಾನರೇ ಹೊರಟರು. ವ್ಯಾಪಾರ ಅಂದರೆ ಅವರು ಇನ್ನೊಬ್ಬರನ್ನು ಮುಂದೆ ಬಿಡುವವರಲ್ಲ. ನಾನೂ ಸೊಸೆಯೂ ಹಿಂದೆ ಹೋದೆವು.

"ಕಂಪ್ಯೂಟರಿನ ಡಬ್ಬಿ ಒಳಗ ಎಷ್ಟು ಉದ್ದ ಐತಿ, ಟೇಪ್ ಹಚ್ಚಿ ನೋಡ್ಲಿಕ್ಕೆ ಬೇಕ್ರಿ ಮಾವಾರ" ಎಂದು ಸೊಸೆ ಹೇಳಿದ್ದಳು. ಇವರು ನಕ್ಕು, ಕಂಪ್ಯೂಟರಿನ ಹೊರಮೈಮೇಲೆ ಕೈಯಿಟ್ಟು "ಎರಡು ಗೇಣಿಗೆ ಸ್ವಲ್ಪ ಕಡಿಮಿ. ಜನ್ಮೆಲ್ಲಾ ಅರಬಿ ಅಳದ ಕೈ ಇದು" ಅಂದಿದ್ದರು.

ಕಂಪ್ಯೂಟರ್ ಅಂಗಡಿಯವನು ನಮ್ಮ ಓಣಿಯ ಆಚೆಯವನೇ, ಕೊಂಕಣಿಗ. ಒಂದು ಕಾರ್ಡು ತೋರಿಸಿದ. ಇವರು ಅದನ್ನು ಬೆಳಕಿಗೆ ಹಿಡಿದು, ಅಂಚು ಸವರಿ, "ಇದರಾಗ ಬ್ಯಾರೆ ತೋರಸ್ರಿ" ಎಂದರು. ಇನ್ನೊಂದು ತೋರಿಸಿದ. "ಮ್ಯಾಲಿನ ರ್‍ಯಾಕಿನ್ಯಾಗಿಂದು?" ಕೌಂಟರಿನ ತುಂಬ ಕಾರ್ಡು ಹರಡಿಸಿ, ಕೊನೆಗೆ ಎಲ್ಲಕ್ಕಿಂತ ಉದ್ದನೆಯದನ್ನು ಆರಿಸಿದರು. ಉದ್ದ ಇದ್ದಷ್ಟು ಚಲೋ ಎಂಬುದು ಸೀರೆ ಮಾರುವವರ ನಂಬಿಕೆ.

ಮನೆಗೆ ತಂದು ನೋಡಿದರೆ ಡಬ್ಬಿಯ ಒಳಗೆ ಸಿಡಿ ಹಾಕುವ ಭಾಗ ಅಡ್ಡ ನಿಂತಿತ್ತು. ಕಾರ್ಡು ನಾಲ್ಕು ಬೆರಳು ಹೊರಗೇ ಉಳಿಯಿತು.

"ತುದಿಗೆ ಇಷ್ಟಽ ಕತ್ತರಿಸಿದ್ರ?" ಎಂದರು ಯಜಮಾನರು. ಸೊಸೆ ಕಾರ್ಡನ್ನು ಎದೆಗವಚಿಕೊಂಡಳು.

ವಾಪಸ್ ಹೋದೆವು. ಅಂಗಡಿಯವನು ತಲೆಯ ಮೇಲಿದ್ದ ಬೋರ್ಡು ತೋರಿಸಿದ. ಒಮ್ಮೆ ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದಿತ್ತು.

"ಇದ್ಯಾವ ನ್ಯಾಯಾರೀ? ಗಿರಾಕಿ ಅಂದ್ರ ದೇವ್ರು!" ಯಜಮಾನರು ದನಿಯೇರಿಸಿದರು.

"ಶೇಟ್, ಹೋದ ಚೌತಿಗೆ ನನ್ನ ಹೆಂಡತಿ ನಿಮ್ಮಲ್ಲಿ ಸೀರೆ ಬದಲಿಸಲು ಬಂದಿದ್ದಳು" ಎಂದ ಅಂಗಡಿಯವನು. "ನೀವು ಇಂಥದೇ ಬೋರ್ಡು ತೋರಿಸಿದಿರಿ. ಅವಳು ದೇವರಲ್ಲವಾ?"

ಯಜಮಾನರು ಬೋರ್ಡನ್ನೇ ನೋಡುತ್ತ ನಿಂತರು. ಅಕ್ಷರಗಳು ಕೂಡ ನಮ್ಮ ಅಂಗಡಿಯ ಬೋರ್ಡಿನಂತೆಯೇ ಕೆಂಪಗಿದ್ದವು.

ಸಂಜೆಗೆ ನಮಗೆ ಗಿಡ್ಡ ಕಾರ್ಡು ಬಂತು, ಅವನ ಹೆಂಡತಿಗೆ ಹೊಸ ಸೀರೆ ಹೋಯಿತು. ವಾಪಸ್ ಬಂದ ಸೀರೆಗೆ ಫಾಲ್ ಹಚ್ಚಿತ್ತು, ಇಸ್ತ್ರಿ ಆಗಿತ್ತು, ಸೆರಗಿನಲ್ಲಿ ಯಾವುದೋ ಮದುವೆಯ ಪಾಯಸದ ಕಲೆಯೂ ಇತ್ತು. ಯಜಮಾನರು ಕಲೆ ಒಳಗೆ ಬರುವಂತೆ ಮಡಿಚಿಟ್ಟರು.

ಕರೆಂಟು ಉಳಿಸಿದ್ದು

ಗಿಡ್ಡ ಕಾರ್ಡು ಸರಿಯಾಗಿ ಕೂತಿತು. ಗುಂಡಿ ಒತ್ತಿದರೆ ಒಳಗಿನ ಪಂಖ ಒಂದು ಸುತ್ತು ತಿರುಗಿ ನಿಂತುಬಿಟ್ಟಿತು. ಮತ್ತೆ ಒತ್ತಿದರೂ ಅಷ್ಟೇ.

ಮೇ ತಿಂಗಳು. ಸಂಜೆ ಹೊತ್ತು ನಮ್ಮ ಓಣಿಯಲ್ಲಿ ಕರೆಂಟು ಇಳಿದು, ಪಂಖಗಳು ತೂಕಡಿಸುತ್ತ ತಿರುಗುತ್ತಿದ್ದವು. ಯಜಮಾನರು ಅದನ್ನು ನೋಡಿ ತೀರ್ಪು ಕೊಟ್ಟರು: "ಮನ್ಯಾಗ ನಾವಽ ಎಲ್ಲಾ ಕರೆಂಟು ತಿನ್ನಾಕತ್ತೇವಿ. ಅದಕ್ಕ ಏನ್ ಉಳೀಬೇಕು? ಎಲ್ಲಾ ಆರಸ್ರಿ!"

ಪಂಖ, ದೀಪ, ಟಿವಿ, ಫ್ರಿಜ್ ಎಲ್ಲ ಆರಿದವು. ಸೊಸೆ "ಹಂಗಲ್ರಿ ಮಾವಾರ" ಎನ್ನುವಷ್ಟರಲ್ಲಿ ನಾವೆಲ್ಲ ಕತ್ತಲಲ್ಲಿ ಬೆವರು ಸುರಿಸುತ್ತ ಕೂತಿದ್ದೆವು, ಕಂಪ್ಯೂಟರ್ ಹೊಟ್ಟೆ ತುಂಬ ಉಣ್ಣಲಿ ಎಂದು.

ಪಕ್ಕದ ಮನೆಯ ಕ್ರಿಶ್ಚನ್ ಮುದುಕಿ, ನನ್ನನ್ನು ಅಕ್ಕ ಅನ್ನುವಂತೆ 'ಬಾಯ್' ಎನ್ನುವ ಹಳೆಯ ಗೆಳತಿ, ಬಾಗಿಲಿಗೆ ಬಂದಳು. "ಅಯ್ಯೋ ಬಾಯ್, ನಿಮಗೆ ಮಾತ್ರ ಕರೆಂಟು ಹೋಯಿತಾ?"

ನಾನು ವಿಷಯ ಹೇಳಿದೆ. ಸೊಸೆಯ ಮೊದಲ ಕೆಲಸ, ರವಿವಾರದ ಗಡುವು, ಎಲ್ಲ. ಆಕೆ ಗಲ್ಲದ ಮೇಲೆ ಕೈಯಿಟ್ಟು ಕೇಳಿ ಹೊರಟುಹೋದಳು. ಆಕೆಯ ಮನೆಯೂ ಕತ್ತಲಾಯಿತು. ಆಮೇಲೆ ಒಂದು ದೊಡ್ಡ ಬಟ್ಟಲು ಹಿಡಿದು ವಾಪಸ್ ಬಂದಳು.

"ನನ್ನದೂ ಎಲ್ಲ ಆರಿಸಿದೆ. ಫ್ರಿಜ್‌ನಲ್ಲಿ ಐಸ್‌ಕ್ರೀಮ್ ಇತ್ತು, ಕರಗುತ್ತದೆ. ಬೇಗ ತಿನ್ನಿ."

ಅಷ್ಟರಲ್ಲಿ ಸೊಸೆ ಅಂಗಡಿಯವನಿಗೆ ಫೋನ್ ಮಾಡಿ ಕೇಳಿದ್ದಳು. ತಪ್ಪು ಮನೆಯ ಕರೆಂಟಿನದಲ್ಲ. ಕಂಪ್ಯೂಟರಿಗೆ ಕರೆಂಟು ಹಂಚುವ ಪವರ್ ಸಪ್ಲೈ ಅಂತ ಒಂದು ಪೆಟ್ಟಿಗೆ ಒಳಗಿರುತ್ತದೆ, ಅದೇ ಚಿಕ್ಕದು. ಹೊಸ ಕಾರ್ಡಿನ ಹಸಿವಿಗೆ ಅದು ಸಾಲದು.

"ಮೊದ್ಲ ಹೇಳಬೇಕಿಲ್ಲೇನವಾ?" ಎಂದರು ಯಜಮಾನರು.

"ಹೇಳಾಕ ಬಂದ್ನಿರಿ. ನಿಮ್ಮ ಬಾಯಾಗ ಐಸ್‌ಕ್ರೀಮ್ ಇತ್ರಿ."

ಅಕ್ಷತೆ

ಹಳೆಯ ಪವರ್ ಸಪ್ಲೈ ಬಿಚ್ಚಿ, ಅಳತೆಗೆಂದು ಅಂಗಡಿಗೆ ಒಯ್ದೆವು. ಅಂಗಡಿಯವನು ಎತ್ತಿ ಅಲ್ಲಾಡಿಸಿದ. ಗಲಗಲ ಅಂತು. ಬೋರಲು ಹಾಕಿದರೆ ಕೌಂಟರಿನ ಮೇಲೆ ಕೆಂಪು ಅಕ್ಕಿಕಾಳು, ಒಣಗಿದ ಚೆಂಡುಹೂವಿನ ಎಸಳು, ಕುಂಕುಮ.

ಪ್ರತಿವರ್ಷ ಖಂಡೇನವಮಿಗೆ ಗಲ್ಲಾಪೆಟ್ಟಿಗೆ, ಕತ್ತರಿ, ಟೇಪಿನ ಜೊತೆ ಕಂಪ್ಯೂಟರಿಗೂ ಪೂಜೆಯಾಗುತ್ತಿತ್ತು. ಹಿಂದಿನ ಜಾಳಿಗೆಯಲ್ಲಿ ತೂತು ಇವೆ ಎಂದು ಅಕ್ಷತೆ ಹಾಕುವಾಗ ಯಾರಿಗೆ ನೆನಪಿರುತ್ತದೆ?

ಅಂಗಡಿಯವನು ಕಾಳುಗಳನ್ನು ಭಕ್ತಿಯಿಂದ ಒಂದು ಕಾಗದದಲ್ಲಿ ಕಟ್ಟಿ ನನ್ನ ಕೈಗಿತ್ತ. "ಮಾವಶಿ, ನನ್ನ ಮದುವೆಯಲ್ಲಿ ನನ್ನ ತಲೆ ಮೇಲೆ ಕೂಡ ಇಷ್ಟು ಅಕ್ಷತೆ ಬಿದ್ದಿರಲಿಲ್ಲ."

ರವಿವಾರ

ಹೊಸ ಪವರ್ ಸಪ್ಲೈ ಬಂತು, ಆದರೆ ಡಬ್ಬಿಯೊಳಗೆ ಹಿಡಿಯಲಿಲ್ಲ. ಕಂಪನಿಯವರು ತಮ್ಮದೇ ಅಳತೆಯ ಜಾಗ ಮಾಡಿದ್ದರು, ಸ್ಕ್ರೂ ತೂತೂ ಕೂಡಲಿಲ್ಲ. "ಹೊರಗಿಟ್ಟರೂ ನಡೆಯುತ್ತದೆ, ಯಾರೂ ಮುಟ್ಟಬೇಡಿ" ಎಂದ ಅಂಗಡಿಯವನು. ಡಬ್ಬಿಯ ಮಗ್ಗುಲು ತೆರೆದು, ವೈರು ಹೊರಗೆ ಎಳೆದು, ಅದನ್ನು ಊಟದ ಮಣೆಯ ಮೇಲೆ ಇಟ್ಟೆವು. ಯಜಮಾನರು ಕಾವಲಿಗೆ ಕೂತರು. ಗುಂಡಿ ಒತ್ತಿದಾಗ ಅದು ಭರ್ರೆಂದು ಗಾಳಿ ಬಿಟ್ಟಿತು. ಸೊಸೆ ಅಡಿಗೆಮನೆಯನ್ನು ಒಂದು ಸುತ್ತು ತಿರುಗಿಸಿದಳು. ನಿಲ್ಲಲಿಲ್ಲ! ಇನ್ನೊಂದು ಸುತ್ತು. ಅವಳ ಕಣ್ಣಲ್ಲಿ ನೀರು.

ರವಿವಾರ ಆ ಹೆಂಗಸು ಬಂದರು. ಕಾರು ನೋಡಿ ನನ್ನ ಗೆಳತಿಯೂ ಬಂದು ಕೂತಳು. ತೆರೆಯ ಮೇಲೆ ಅಡಿಗೆಮನೆ ಸರಾಗವಾಗಿ ತಿರುಗಿತು. ಬಂದವರು ಮುಂದೆ ಬಾಗಿ ನೋಡಿದರು.

"ಇಷ್ಟು ಅಗಲದ ಕಲ್ಲು ಯಾಕೆ?"

"ರೊಟ್ಟಿ ಬಡಿಯಲಿಕ್ಕೆ" ಎಂದಳು ಸೊಸೆ.

"ನಮಗೆ ಪಾವ್‌ನವನು ಬೆಳಿಗ್ಗೆ ಬಾಗಿಲಿಗೇ ತರುತ್ತಾನಲ್ಲ. ಸರಿ, ಮೀನು ಎಲ್ಲಿ ಸ್ವಚ್ಛ ಮಾಡೋದು?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಸೋಮವಾರ ಬೆಳ್ಳುಳ್ಳಿಗೂ ಪ್ರವೇಶವಿಲ್ಲದ ಮನೆ ನಮ್ಮದು. ಮೀನಿನ ಜಾಗ ಯಾರ ತಲೆಗೂ ಹೊಳೆದಿರಲಿಲ್ಲ. ಸೊಸೆ ಅಡಿಗೆಮನೆಯನ್ನು ಸುಮ್ಮನೆ ಇನ್ನೊಂದು ಸುತ್ತು ತಿರುಗಿಸಿದಳು. ಬಂದವರು ಪರ್ಸು ಎತ್ತಿಕೊಳ್ಳುತ್ತಿದ್ದರು.

"ಅದನ್ನು ಇನ್ನೂ ತೋರಿಸಿಲ್ಲ!" ಎಂದು ನನ್ನ ಗೆಳತಿ ಎದ್ದು ತೆರೆಯ ಹತ್ತಿರ ನಿಂತಳು. "ಹಿಂಬಾಗಿಲಿಗೆ ಒಂದು ಸಿಂಕ್ ಹಾಕು ಮಗಾ. ಪಕ್ಕದಲ್ಲಿ ಇಳಿಜಾರಿನ ಕಲ್ಲು, ನೀರು ಹೊರಗೆ ಹೋಗಬೇಕು. ಮೇಲೆ ಕಿಟಕಿ. ಕಿಟಕಿಗೆ ಜಾಳಿಗೆ, ಇಲ್ಲದಿದ್ದರೆ ಬೆಕ್ಕು ಬರುತ್ತದೆ."

ಅವಳು ಹೇಳಿದಂತೆಲ್ಲ ಸೊಸೆ ಆಗಿಂದಾಗಲೇ ಹಾಕಿದಳು. ರೊಟ್ಟಿಯ ಕಲ್ಲು ಸರಿಯಿತು, ಸಿಂಕು ಬಂತು, ಕಿಟಕಿ ತೆರೆಯಿತು. ಪ್ರತಿಸಲವೂ ಯಜಮಾನರು ಉಸಿರು ಹಿಡಿದು ಮಣೆಯ ಕಡೆ ನೋಡುತ್ತಿದ್ದರು. ಕಂಪ್ಯೂಟರ್ ಒಮ್ಮೆಯೂ ನಿಲ್ಲಲಿಲ್ಲ.

ಬಂದವರ ಮುಖ ಅರಳಿತು. ನನ್ನ ಕಡೆ ತಿರುಗಿ ಕೇಳಿದರು: "ಆಂಟಿ, ನೀವು ಕರಿಗೆ ಹುಳಿ ಏನು ಹಾಕುತ್ತೀರಿ?"

ನಮ್ಮ ಮನೆಯಲ್ಲಿ ಬದನೆಕಾಯಿಗೂ ಬೇಳೆಗೂ ಹಾಕುವುದು ಒಂದೇ. "ಹುಣಸಿಹಣ್ಣು" ಎಂದೆ.

"ನನ್ನ ಅಮ್ಮನೂ ಅದನ್ನೇ ಹಾಕುತ್ತಿದ್ದಳು!" ಅವರು ನನ್ನ ಕೈ ಹಿಡಿದುಕೊಂಡರು. "ಮೀನು ಬೇಯಿಸುವ ಮನೆಯವರಿಗೆ ಮಾತ್ರ ಇಂಥ ಅಡಿಗೆಮನೆ ತಿಳಿಯುತ್ತದೆ. ಇಡೀ ಮನೆ ನಿಮ್ಮ ಸೊಸೆಗೇ. ಮುಂದಿನ ರವಿವಾರ ನಾನು ಬಂಗಡೆ ಮೀನು ತರುತ್ತೇನೆ, ನಿಮ್ಮ ಕೈಯ ಕರಿ ತಿನ್ನಲೇಬೇಕು."

ಬಾಗಿಲ ತನಕ ಹೋಗಿ ಬೀಳ್ಕೊಟ್ಟೆವು. ಒಳಗೆ ಬಂದರೆ ಸೊಸೆ ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದಳು. ಯಜಮಾನರು ದೇವರ ಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಹಾಕಿದರು.

ನನ್ನ ಗೆಳತಿ ಬೆನ್ನು ತಟ್ಟಿ ಹೇಳಿದಳು: "ಚಿಂತೆ ಮಾಡಬೇಡ ಬಾಯ್. ಹುಣಸೆಹಣ್ಣು ನೀನು ಕೊಡು, ಉಳಿದದ್ದು ನನ್ನ ಒಲೆಯ ಮೇಲೆ ಆಗುತ್ತದೆ."