ಮ್ಯಾನೇಜರ್ ಊಳಿಟ್ಟ ರೆಕಾರ್ಡು

ಹಲ್ಲಿಯೊಂದು ಆಂಪ್ಲಿಫೈಯರಿನೊಳಗೆ ನುಗ್ಗಿ, ತಾನೂ ಸುಟ್ಟುಕೊಂಡು ಆಂಪ್ಲಿಫೈಯರನ್ನೂ ಸುಟ್ಟುಹಾಕಿದ್ದು ಶನಿವಾರ ಬೆಳಿಗ್ಗೆ. ಹೊಸನಗರದ ಬಸ್‌ಸ್ಟ್ಯಾಂಡಿನ ಎದುರು ಮೈಕ್‌ಸೆಟ್ ಅಂಗಡಿ ಇಟ್ಟಿದ್ದ ನಿರಂಜನನಿಗೆ ಇದ್ದದ್ದು ಅದೊಂದೇ. ಮಾರನೆಯ ದಿನ ಊರಿಗೆಲ್ಲ ಬೇಕಾದ ಸುರೇಂದ್ರನ ಮಗಳ ಮದುವೆ. ಅಲ್ಲಿ ಮೈಕು ಕೂಗದಿದ್ದರೆ ಈ ವರ್ಷ ಇನ್ಯಾವ ಮದುವೆಗೂ ತನ್ನನ್ನು ಕರೆಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಉಳಿದದ್ದು ಒಂದೇ ದಾರಿ. ತೀರ್ಥಹಳ್ಳಿಯಲ್ಲಿ ಮುಚ್ಚಿಹೋದ ಟಾಕೀಸೊಂದರ ಹಳೆಯ ಹಾರ್ನು ಸ್ಪೀಕರುಗಳನ್ನು ಅವನು ಹಿಂದೊಮ್ಮೆ ಕೊಂಡಾಗ, ಅವುಗಳ ನಡುವೆ ಕವರಿಲ್ಲದ ಒಂದು ಇಂಗ್ಲಿಷ್ ರೆಕಾರ್ಡು ಸೇರಿಕೊಂಡು ಬಂದಿತ್ತು. ಅದರ ಲೇಬಲ್ಲನ್ನು ಜಿರಲೆ ತಿಂದು ‘ಕ್ವಾಡ್ರ’ ಎಂಬಷ್ಟನ್ನು ಮಾತ್ರ ಉಳಿಸಿತ್ತು. ಸಾಗರದ ಗಣೇಶಮೂರ್ತಿಯವರಿಗೆ ಇಂಥ ರೆಕಾರ್ಡುಗಳ ಹುಚ್ಚು. ಅವರ ಮನೆಯಲ್ಲಿ ಹೆಚ್ಚುವರಿ ಆಂಪ್ಲಿಫೈಯರು ಬೇರೆ ಇತ್ತು. ರೆಕಾರ್ಡು ಕೊಟ್ಟು ಅದನ್ನು ಪಡೆಯುವ ಲೆಕ್ಕ ಹಾಕಿ ನಿರಂಜನ ಫೋನು ಮಾಡಿದ.

“ನೋಡಿ ಮಾರಾಯ್ರೆ,” ಎಂದರು ಗಣೇಶಮೂರ್ತಿ. “ಮಾಮೂಲಿ ಸ್ಟೀರಿಯೋದಲ್ಲಿ ಸ್ವರ ಎರಡು ಕಡೆಯಿಂದ ಬರ್ತದೆ. ಈ ‘ಕ್ವಾಡ್ರ’ದಲ್ಲಿ ನಾಲ್ಕು ಕಡೆಯಿಂದ. ಎದುರಿಗೆ ಎರಡು, ಬೆನ್ನಿಗೆ ಎರಡು. ಬೆನ್ನಿನ ಸ್ವರವನ್ನ ಕೆಲವು ಕಂಪನಿಯವ್ರು ಎದುರಿನದ್ರ ಒಳಗೇ ಮಡಚಿ ತುರುಕ್ತಿದ್ರು, ಟ್ರಂಕಿಗೆ ಸೀರೆ ತುರುಕಿದ ಹಾಗೆ. ಅಂಥದ್ದು ನನ್ನ ಹತ್ರ ರಾಶಿ ಉಂಟು, ಬೇಡ. ಇನ್ನು ಕೆಲವ್ರು ಅದನ್ನ ಮನುಷ್ಯರ ಕಿವಿಗೆ ನಿಲುಕದ ಎತ್ತರದ ಸ್ವರದ ಮೇಲೆ ಕೂರಿಸಿ ಇಡ್ತಿದ್ರು, ಸಾಮಾನು ಅಟ್ಟಕ್ಕೆ ಹಾಕಿದ ಹಾಗೆ. ಅಂಥದ್ದಾದ್ರೆ ಆಂಪ್ಲಿಫೈಯರ್ ನಿಮ್ದೇ. ಯಾವ್ದು ಅಂತ ಪತ್ತೆ ಮಾಡಿಡಿ, ಸಂಜೆ ಬಸ್ಸಿಗೆ ಬರ್ತೇನೆ.”

ಫೋನಿಟ್ಟ ನಿರಂಜನ, “ಕಿವಿಗೆ ಕೇಳದೇ ಇರೋದನ್ನ ಎಲ್ಲಿಂದ ಪತ್ತೆ ಮಾಡೋದು!” ಎಂದು ಹಣೆ ಹಿಡಿದು ಕೂತ.

ಪಕ್ಕದಂಗಡಿಯ ದರ್ಜಿ ಹೂವಪ್ಪ ಅಷ್ಟನ್ನೂ ಕಿವಿಗೊಟ್ಟು ಕೇಳಿದ್ದ. ಕೊರಳಲ್ಲಿ ಟೇಪು ಇದ್ದುದರಿಂದ ಅರ್ಧ ಡಾಕ್ಟರನಂತೆ ಕಾಣುತ್ತಿದ್ದ ಅವನು ಅದೇ ಠೀವಿಯಲ್ಲಿ ಒಳಗೆ ಬಂದ. “ನಿನ್ನ ಕಿವಿಗೆ ಕೇಳ್ದಿದ್ರೆ ನಾಯಿ ಕಿವಿಗೆ ಕೇಳ್ತದೆ ಮಾರಾಯಾ. ಹುಲಿಯಮ್ಮನ ಮ್ಯಾನೇಜರ್‌ನ ಕರಿ.”

ಮ್ಯಾನೇಜರ್ ಎಂದರೆ ಎದುರು ಹೋಟೆಲ್ಲಿನ ಹುಲಿಯಮ್ಮನ ನಾಯಿ. ಹಗಲೆಲ್ಲ ಬ್ಯಾಂಕಿನ ಬಾಗಿಲಲ್ಲಿ ಮಲಗಿ, ಬಂದವರನ್ನು ಅರ್ಧ ಕಣ್ಣಲ್ಲಿ ನೋಡಿ ಮತ್ತೆ ನಿದ್ದೆ ಹೋಗುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು.

“ಕಳಿಸ್ತೀನಿ ತಮ್ಮಾ,” ಎಂದಳು ಹುಲಿಯಮ್ಮ. “ಆದ್ರೆ ಅವ ಬನ್ನು ಇಲ್ದೆ ಯಾರ ಕೆಲ್ಸನೂ ಮಾಡಲ್ಲ.”

ನಿರಂಜನ ಪುಟ್ಟ ಸ್ಪೀಕರು ಒಳಗೇ ಇದ್ದ ಅಪ್ಪನ ಕಾಲದ ರೆಕಾರ್ಡ್ ಪ್ಲೇಯರನ್ನು ಧೂಳು ಕೊಡವಿ ಇಳಿಸಿದ. ಅದರ ಪಿನ್ನೂ ಅಪ್ಪನ ಕಾಲದ್ದೇ. ಮೊದಲು ಹೂವಪ್ಪನ ಸಲಹೆಯಂತೆ ಒಂದು ಮಾಮೂಲಿ ರೆಕಾರ್ಡು ಹಾಕಿದರು. ಮ್ಯಾನೇಜರ್ ಆಕಳಿಸಿತು. ಆಮೇಲೆ ‘ಕ್ವಾಡ್ರ’ ಹಾಕಿದರು.

ಮ್ಯಾನೇಜರಿನ ಕಿವಿ ಎರಡೂ ಸಟ್ಟನೆ ನಿಂತವು. ತಲೆ ಒಂದು ಬದಿಗೆ ವಾಲಿತು. ಮರುಕ್ಷಣ ಅದು ಮೂತಿ ಮೇಲೆತ್ತಿ ಎಂಥ ಊಳಿಟ್ಟಿತೆಂದರೆ ಬಸ್‌ಸ್ಟ್ಯಾಂಡಿನಲ್ಲಿ ತೂಕಡಿಸುತ್ತಿದ್ದವರು ಬಸ್ಸು ಬಂತೆಂದು ಚೀಲ ಎತ್ತಿಕೊಂಡು ನಿಂತರು.

“ಸಿಕ್ತು!” ಎಂದು ನಿರಂಜನ ಕುಣಿದ.

“ತಡಿ ತಡಿ,” ಎಂದ ಹೂವಪ್ಪ. “ಹೊಟ್ಟೆನೋವಿಗೂ ನಾಯಿ ಊಳಿಡ್ತದೆ. ಎರಡನ್ನೂ ಇನ್ನೊಂದ್ಸಲ ಹಾಕು, ವಿಡಿಯೋ ಮಾಡ್ತೀನಿ.”

ಇನ್ನೊಂದು ಸಲವೂ ಮಾಮೂಲಿ ರೆಕಾರ್ಡಿಗೆ ಆಕಳಿಸಿ, ‘ಕ್ವಾಡ್ರ’ಕ್ಕೆ ಊಳಿಟ್ಟಿತು. ಅಷ್ಟು ಹೊತ್ತಿಗೆ ಚೀಲ ಎತ್ತಿಕೊಂಡವರೆಲ್ಲ ಬಾಗಿಲಲ್ಲಿ ಸೇರಿದ್ದರು. “ಎಂಥದಾ ಅದು? ನಮಗೂ ತೋರ್ಸಾ!” ನಿರಂಜನ ಮತ್ತೆ ಹಾಕಿದ. ಕಂಡಕ್ಟರೊಬ್ಬ ಬಸ್ಸು ನಿಲ್ಲಿಸಿ ಬಂದು, “ಹಿಂದಿನ ಮಗ್ಗುಲಿಗೂ ಕೂಗ್ತದನಾ?” ಎಂದ. ಹಿಂದಿನ ಮಗ್ಗುಲನ್ನೂ ಪೂರ್ತಿ ಹಾಕಿದ್ದಾಯಿತು. ಹುಲಿಯಮ್ಮ ಪ್ರತಿ ಸಲಕ್ಕೂ ಒಂದು ಬನ್ನು ಕೊಟ್ಟು, ಬಂದವರಿಗೆಲ್ಲ ಕಾಫಿಯನ್ನೂ ಮಾರಿದಳು.

ಮಧ್ಯಾಹ್ನದ ಹೊತ್ತಿಗೆ ಊಳು ಗೊಣಗಾಟಕ್ಕೆ ಇಳಿಯಿತು. ಆಮೇಲೆ ಒಂದು ಕಿವಿ ಮಾತ್ರ ಅಲ್ಲಾಡಿತು.

“ಪಿನ್ನು ಸರಿಯಾಗಿ ಊರ್ತಿಲ್ಲ ಕಣಾ,” ಎಂದ ಹೂವಪ್ಪ. “ಭಾರ ಇಡು.” ನಿರಂಜನ ಪಿನ್ನಿನ ತಲೆಯ ಮೇಲೆ ಒಂದು ನಾಣ್ಯ ಅಂಟಿಸಿದ. ಹೂವಪ್ಪ ಸಾಲದೆಂದು ಇನ್ನೊಂದು ಅಂಟಿಸಿದ. ಎರಡೂ ಮಗ್ಗುಲು ಮತ್ತೆ ತಿರುಗಿದವು. ಮ್ಯಾನೇಜರ್ ಬದಿಗೆ ಹೊರಳಿ ಗೊರಕೆ ಹೊಡೆಯತೊಡಗಿತು.

ಆಗಲೇ ಸಾಗರದ ಸಂಜೆ ಬಸ್ಸು ಬಂದು, ಗಣೇಶಮೂರ್ತಿ ಕಂಕುಳಲ್ಲಿ ಆಂಪ್ಲಿಫೈಯರನ್ನು ಕೂಸಿನಂತೆ ಅವಚಿಕೊಂಡು ಇಳಿದರು.

“ಸಾರ್, ಅಟ್ಟದ್ದೇ! ಮ್ಯಾನೇಜರ್ ಹೇಳಿದಾನೆ!” ಎಂದು ನಿರಂಜನ ನಾಯಿಯನ್ನು ಅಲುಗಾಡಿಸಿದ. ನಾಯಿ ಬಾಲವನ್ನೂ ಆಡಿಸಲಿಲ್ಲ. “ಬನ್ನು ಜಾಸ್ತಿ ಆಗಿದೆ ಸಾರ್.”

ಗಣೇಶಮೂರ್ತಿ ರೆಕಾರ್ಡನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ನಾಣ್ಯಗಳನ್ನು ನೋಡಿದರು. ಹೂವಪ್ಪ ಉತ್ಸಾಹದಿಂದ ಬೆಳಗಿನ ವಿಡಿಯೋ ತೋರಿಸಿದ. ಅವರ ಮುಖ ಬಾಡಿದ ವೀಳ್ಯದೆಲೆಯಾಯಿತು.

“ಆ ಎತ್ತರದ ಸ್ವರ ಗೆರೆಯೊಳಗೆ ಕೂದಲಿಗಿಂತ ಸಣ್ಣ ಹಲ್ಲಾಗಿ ಇರ್ತದೆ ಮಾರಾಯ್ರೆ. ಅದಕ್ಕೆ ಬೇರೆಯದೇ ನಯವಾದ ಪಿನ್ನು ಬೇಕು. ನೀವು ರೋಡ್ ರೋಲರ್ ಓಡಿಸಿದ್ದೀರಿ.”

“ಅಂದ್ರೆ... ಅಟ್ಟದ್ದು ಹೌದಾ ಸಾರ್?”

“ಬೆಳಿಗ್ಗೆ ಹೌದು. ಹಾಕಿದ ಹಾಗೆಲ್ಲ ಅಷ್ಟಷ್ಟು ಕೆರೆದು ಹೋಗಿದೆ. ನಾಯಿಗೆ ಬನ್ನು ಜಾಸ್ತಿಯಾಗಿದ್ದಲ್ಲ, ಕೇಳ್ಲಿಕ್ಕೆ ಎಂತದೂ ಉಳಿದಿಲ್ಲ.”

ನಿರಂಜನ ಹೂವಪ್ಪನನ್ನು ನೋಡಿದ. ಹೂವಪ್ಪ ಟೇಪು ಹಿಡಿದು ಬಾಗಿಲಿನ ಅಳತೆ ತೆಗೆಯತೊಡಗಿದ.

ಗಣೇಶಮೂರ್ತಿ ಮಾತ್ರ ವಿಡಿಯೋವನ್ನು ಮತ್ತೆ ನೋಡುತ್ತಿದ್ದರು. ಮಾಮೂಲಿ ರೆಕಾರ್ಡಿಗೆ ಆಕಳಿಕೆ, ಇದಕ್ಕೆ ಊಳು. ಅವರ ಕಣ್ಣು ನಿಧಾನವಾಗಿ ಅರಳಿತು. “ಲೇಬಲ್ ಹೋದವು ನನ್ನ ಹತ್ರ ಒಂದು ಕಪಾಟು ತುಂಬ ಉಂಟು. ಎಷ್ಟು ಜನರಿಗೆ ತೋರಿಸಿದರೂ ಅಟ್ಟದ್ದು ಯಾವ್ದು ಅಂತ ಬಗೆಹರಿದಿಲ್ಲ. ಈ ನಾಯಿ ಯಾರದ್ದು?”

“ನಮ್ದು,” ಎಂದು ಹುಲಿಯಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

ನಿರಂಜನ ನೋಡುತ್ತಿದ್ದಂತೆಯೇ ಆಂಪ್ಲಿಫೈಯರು ಅವನ ಮೂಗಿನ ಮುಂದಿನಿಂದ ಸಾಗಿ ರಸ್ತೆ ದಾಟಿ ಹೋಟೆಲ್ಲಿನ ಗಲ್ಲಾದ ಪಕ್ಕ ಕೂತಿತು. ಅದಕ್ಕೆ ಬದಲಾಗಿ ಮ್ಯಾನೇಜರ್ ಒಂದು ತಿಂಗಳ ಮಟ್ಟಿಗೆ ಸಾಗರಕ್ಕೆ ಹೋಗುವುದೆಂದು ಮಾತಾಯಿತು.

“ಹುಲಿಯಕ್ಕಾ,” ಎಂದ ನಿರಂಜನ ಆದಷ್ಟು ಮೆತ್ತಗೆ. “ನಾಳೆ ಒಂದಿನ ಅದನ್ನ ಕೊಟ್ರೆ ಸುರೇಂದ್ರಣ್ಣನ ಮದುವೆ...”

“ಅಯ್ಯೋ, ಸುರೇಂದ್ರಂಗೆ ಈಗಷ್ಟೇ ಫೋನ್ ಮಾಡ್ದೆ ತಮ್ಮಾ. ನಾಳೆ ಮೈಕ್‌ಸೆಟ್ ನಮ್ದೇ ಅಂದೆ, ಖುಷಿಯಾದ. ಆದ್ರೆ ನಮ್ಮತ್ರ ಹಾರ್ನು, ವಯರು ಎಂಥದೂ ಇಲ್ಲ. ನಿನ್ನವು ತಗಂಡು ಬೆಳಿಗ್ಗೆ ಬೇಗ ಬಾ. ತಡ ಮಾಡಿದ್ರೆ ಹೂವಪ್ಪನ್ನ ಇಟ್ಕತೀನಿ.”

ಹೂವಪ್ಪ ನಿರಂಜನನಿಗೆ ಹೆದರಿಕೆಯಾಗುವಷ್ಟು ಸಿದ್ಧನಾಗಿ ನಿಂತಿದ್ದ. ಅಷ್ಟರಲ್ಲಿ ಸಾಗರದ ಬಸ್ಸಿನ ಬಾಗಿಲಲ್ಲಿ ಮ್ಯಾನೇಜರ್ ನಾಲ್ಕು ಕಾಲನ್ನೂ ಅಗಲಿಸಿ ಊರಿಕೊಂಡಿತು. ಗಣೇಶಮೂರ್ತಿ ಎಳೆದರು, ಕಂಡಕ್ಟರು ದೂಡಿದ, ಅಲುಗಲಿಲ್ಲ. ಹುಲಿಯಮ್ಮ ಸೊಂಟದ ಮೇಲೆ ಕೈಯಿಟ್ಟು ಹೊಸ ಮಾಲೀಕಳ ಗತ್ತಿನಲ್ಲಿ ತಿರುಗಿದಳು.

“ಎಂಥ ನೋಡ್ತಾ ನಿಂತಿದೀಯಾ ನಿರಂಜನಾ? ಹೋಗಿ ಎತ್ತಿ ಹತ್ಸು. ಕೆಲಸಕ್ಕೆ ಸೇರಿದ ಮೇಲೆ ಹೇಳಿಸ್ಕಬಾರ್ದು.”