ನಲವತ್ತು ಗ್ಯಾಲನ್ ಸಮುದ್ರ, ಒಂದು ಹಲ್ಲುಜ್ಜುವ ಬ್ರಷ್ಷು

ನಮ್ಮ ಮನೆಯಲ್ಲಿ ಇನ್ನು ಮುಂದೆ ಅಚಾತುರ್ಯ ಎಂಬುದು ನಡೆಯುವುದಿಲ್ಲ ಎಂದು ಅಡುಗೆಮನೆಯ ನಟ್ಟನಡುವೆ ನಿಂತು ಘೋಷಿಸಿದೆ. ನಡೆಯಲು ಸಾಧ್ಯವೇ ಇಲ್ಲ! ಯಾಕೆಂದರೆ ನಾನೊಂದು ಪದ್ಧತಿಯನ್ನು ಜಾರಿಗೆ ತಂದಿದ್ದೆ. ಪದ್ಧತಿ ಇರುವಲ್ಲಿ ಅಚಾತುರ್ಯಕ್ಕೆ ಜಾಗವಿಲ್ಲ. ಇಪ್ಪತ್ತಾರು ವರ್ಷ ಟೊಲೀಡೊ ನಗರದ ಕುಡಿಯುವ ನೀರನ್ನು ಹನಿಹನಿಯಾಗಿ ಪರೀಕ್ಷಿಸಿದ ರಸಾಯನಶಾಸ್ತ್ರದ ಪದವೀಧರ ಹೇಳುವ ಮಾತಿದು.

"ಲೈಲ್, ಘೋಷಣೆ ಮುಗೀತಾ? ಮುಗಿದಿದ್ರೆ ಡ್ರಾಯರ್ ಮುಂದಿಂದ ಸ್ವಲ್ಪ ಸರಿ, ಚಮಚ ತಗೋಬೇಕು," ಎಂದಳು ನನ್ನ ಹೆಂಡತಿ ರೆಜೀನಾ.

ಮಹತ್ಕಾರ್ಯಗಳಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ.

ವಿಷಯ ಏನೆಂದರೆ, ನಮ್ಮ ಮುಂದಿನ ಕೋಣೆಯಲ್ಲಿ ನಲವತ್ತು ಗ್ಯಾಲನ್ನಿನ ಗಾಜಿನ ತೊಟ್ಟಿಯೊಂದರಲ್ಲಿ ಸಮುದ್ರವಿದೆ. ಅದರೊಳಗೆ ಹವಳಗಳಿವೆ. ಹವಳವೆಂದರೆ ಉಂಗುರಕ್ಕೆ ಕೂರಿಸುವ ಕೆಂಪು ಕಲ್ಲಲ್ಲ, ಜೀವಂತ ಹವಳ. ಅಂಗಿಯ ಗುಂಡಿಯಷ್ಟಗಲದ ಪುಟ್ಟ ಹೂಗಳಂತೆ, ಅಂಚಿಗೆ ಕುಚ್ಚು ಕಟ್ಟಿಕೊಂಡು, ಕಲ್ಲಿನ ಮೇಲೆ ಗುಂಪಾಗಿ ಅರಳಿ ಕೂರುತ್ತವೆ. ಸಾಕುವ ನಾವು ಇವನ್ನು ಝೋವಾ ಎನ್ನುತ್ತೇವೆ. ನೀಲಿ ದೀಪ ಹಾಕಿದರೆ ಕಿತ್ತಳೆ, ಹಸಿರು, ನೇರಳೆ ಎಲ್ಲ ಕೆಂಡದ ಹಾಗೆ ಉರಿಯುತ್ತವೆ. ನಾನು ತಂದಾಗ ಮೂರೇ ಹೂವಿದ್ದವು. ನಾಲ್ಕು ವರ್ಷ ಉಪ್ಪು ಅಳೆದು, ಬಿಸಿ ಅಳೆದು, ಸುಣ್ಣದಂಶ ಅಳೆದು, ನೂರಾ ನಲವತ್ತೆರಡಕ್ಕೆ ತಂದಿದ್ದೆ. ಪ್ರತಿ ಭಾನುವಾರ ಎಣಿಸುತ್ತಿದ್ದೆ. ನಮ್ಮ ಹವಳ ಸಂಘದವರು ನನ್ನ ತೊಟ್ಟಿಯ ಮುಂದೆ ನಿಂತರೆ ಐದು ನಿಮಿಷ ಮಾತೇ ಆಡುವುದಿಲ್ಲ. ಆರನೆಯ ನಿಮಿಷಕ್ಕೆ "ಒಂದು ತುಂಡು ಕೊಡ್ತೀಯಾ?" ಎನ್ನುತ್ತಾರೆ.

ಆದರೆ ಈ ಸುಂದರಿಯರಲ್ಲಿ ಕೆಲವರ ಮೈಯಲ್ಲಿ ವಿಷವಿದೆ. ಯಾರಲ್ಲಿದೆ, ಯಾರಲ್ಲಿಲ್ಲ ಎಂಬುದು ಮುಖ ನೋಡಿದರೆ ತಿಳಿಯದು. ಆದ್ದರಿಂದ ಕೈಗವಸು ತೊಟ್ಟು, ಕಣ್ಣು ಮುಚ್ಚಿಕೊಂಡು (ಅಂದರೆ ಈಜುವವರ ಕನ್ನಡಕ ಹಾಕಿಕೊಂಡು) ಮುಟ್ಟಬೇಕು. ನನಗೆ ಇದೆಲ್ಲ ಗೊತ್ತು. ಗೊತ್ತಿಲ್ಲದೆ ಹೋದದ್ದು ಹಿಂದಿನ ವರ್ಷದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ರೆಜೀನಾಳಿಗೆ. ಬೇಯುತ್ತಿದ್ದ ಟರ್ಕಿ ಕೋಳಿಯ ಮೇಲೆ ರಸ ಸುರಿಯಲು ರಬ್ಬರ್ ಪಿಚಕಾರಿಯನ್ನು ಎತ್ತಿದಳು ನೋಡಿ, ಅದರ ಮೂತಿಯಿಂದ ಒಂದೆಳೆ ಹಸಿರು ಪಾಚಿ ಇಣುಕಿತು. ಹವಳಗಳ ಮೇಲಿನ ಕಸ ಊದಲು ಆ ಪಿಚಕಾರಿಯಷ್ಟು ಒಳ್ಳೆಯ ಉಪಕರಣ ಪ್ರಪಂಚದಲ್ಲೇ ಇಲ್ಲ. ಯಾವ ಹವಳ ಸಾಕುವವನನ್ನು ಬೇಕಾದರೂ ಕೇಳಿ! ನಾನು "ನಿಲ್ಲು!" ಎಂದು ಕೂಗಿದ್ದರಿಂದ ಹನ್ನೆರಡು ಜನ ನೆಂಟರು ಉಳಿದರು. ಅದಕ್ಕೆ ಕೃತಜ್ಞತೆ ಸಿಕ್ಕಿತೇ? ಸಿಕ್ಕಿದ್ದು ಶಾಸನ.

"ಇನ್ನೊಂದ್ಸಲ ಆ ತೊಟ್ಟಿ ಸಾಮಾನು ಈ ಮನೇಲಿ ಯಾರ ಬಾಯಿಗಾದ್ರೂ ಬಂತೋ, ಮಾರನೇ ದಿನವೇ ತೊಟ್ಟಿ ಮನೆಯಿಂದ ಆಚೆ!"

ಹಾಗಾಗಿ ಹುಟ್ಟಿದ್ದು ನನ್ನ ಪದ್ಧತಿ. ಸಮುದ್ರದ ಸಾಮಾನಿಗೆಲ್ಲ ಕೆಂಪು ಟೇಪು. ಹನ್ನೊಂದು ನಿಯಮಗಳ ಒಂದು ಹಾಳೆ, ಫ್ರಿಜ್ಜಿನ ಬಾಗಿಲಿಗೆ. ವರ್ಷವಿಡೀ ಒಂದು ಚಮಚವೂ ದಾರಿ ತಪ್ಪಲಿಲ್ಲ.

ಈ ವರ್ಷ ಹಬ್ಬದ ಹಿಂದಿನ ದಿನ, ಬುಧವಾರ. ರೆಜೀನಾ ಎಂಟು ಗಂಟೆಗೇ ಟರ್ಕಿ ತರಲು ಹೋದಳು. ನಾನು ಕನ್ನಡಕ ತೆಗೆದಿಟ್ಟು, ಈಜುಗನ್ನಡಕ ಏರಿಸಿ, ಪಾಚಿ ಹಿಡಿದ ಒಂದು ಕಲ್ಲನ್ನು ಬಚ್ಚಲುಮನೆಯ ಬೇಸಿನ್ನಿಗೆ ತಂದು, ಕೆಂಪು ಟೇಪಿನ ಹಲ್ಲುಜ್ಜುವ ಬ್ರಷ್ಷಿನಿಂದ ಹೂಗಳ ಸಂದಿ ಉಜ್ಜುತ್ತಿದ್ದೆ. ಶನಿವಾರ ಚರ್ಚಿನ ಸಭಾಂಗಣದಲ್ಲಿ ಸಂಘದವರ ಹವಳ ವಿನಿಮಯ. ನನ್ನ ಕಲ್ಲು ಅಲ್ಲಿ ಮದುಮಗಳ ಹಾಗೆ ಕೂರಬೇಕಿತ್ತು.

ಆಗ ಬಾಗಿಲ ಗಂಟೆ ಹೊಡೆಯಿತು. ಬೂಷಾ!

ಬೂಷಾ ಅಂದರೆ ನನ್ನ ಅತ್ತೆ. ಪೋಲಿಷ್ ಮನೆತನದ ಅಜ್ಜಿಯರನ್ನು ನಮ್ಮೂರಲ್ಲಿ ಹಾಗೇ ಕರೆಯುವುದು. ಮಕ್ಕಳು ಕರೆದು ಕರೆದು ನಮಗೂ ಅದೇ ಬಾಯಿಗೆ ಬಂದಿದೆ. ವಯಸ್ಸು ಎಪ್ಪತ್ತೊಂಬತ್ತು. ಹನ್ನೊಂದೂವರೆಗೆ ಬರಬೇಕಾದವರು ಒಂಬತ್ತೂ ಮುಕ್ಕಾಲಿಗೇ ಬಂದು ನಿಂತಿದ್ದರು, ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಕಪುಸ್ತಾ ತುಂಬಿದ ಪಾತ್ರೆ. ಕಪುಸ್ತಾ ಎಂದರೆ ಹುಳಿ ಬರಿಸಿದ ಎಲೆಕೋಸು, ಸಾಸೇಜು, ಮತ್ತು ಒಂದು ತೋಟದಷ್ಟು ಬೆಳ್ಳುಳ್ಳಿ.

"ಇದೇನೋ ಲೈಲ್, ಕಪ್ಪೆ ಥರ ಕಣ್ಣು? ಈಜೋಕೆ ಹೊರಟಿದ್ದೀಯಾ?"

"ಕೆಲಸ ಮಾಡ್ತಿದ್ದೆ, ಬೂಷಾ."

"ಮಾಡೋ ಕೆಲಸಕ್ಕೆ ಮುಖ ಹಾಗೆ ಮಾಡ್ಕೋಬೇಕಾ? ಬಾ, ಬಿಸಿ ಇರುವಾಗ ಎರಡು ಸೌಟು ತಿನ್ನು."

ಕಲ್ಲನ್ನು ಓಡಿಹೋಗಿ ತೊಟ್ಟಿಗೆ ಸೇರಿಸಿದೆ. ಕೈಗವಸು ಕಿತ್ತೆಸೆದೆ, ಕೈ ತೊಳೆದೆ. ಸೂಟ್‌ಕೇಸು ಹೊತ್ತೆ. ಮರ್ಯಾದೆಗೆ ಎರಡು ಸೌಟು, ಬಲವಂತಕ್ಕೆ ಇನ್ನೆರಡು ಸೌಟು ತಿಂದೆ. ಕನ್ನಡಕ ಎಲ್ಲಿಟ್ಟೆನೋ ನೆನಪಿಲ್ಲ. ಮಂಜು ಮಂಜಾಗಿಯೇ ಬಾಯಿ ಚೊಕ್ಕ ಮಾಡಿಕೊಂಡು ಬಂದು ಅವರ ಸಂಧಿವಾತದ ಕಥೆ ಕೇಳಿದೆ. ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಕನ್ನಡಕ ಸಿಕ್ಕಿತು, ಬಚ್ಚಲುಮನೆಯ ಟವೆಲ್ ರಾಶಿಯ ಮೇಲೆ. ಹಾಕಿಕೊಂಡು ಬೇಸಿನ್ ಕಡೆ ನೋಡಿದೆ.

ಅಯ್ಯೋ!

ಕೆಂಪು ಟೇಪಿನ ಬ್ರಷ್ಷು ಮನೆಮಂದಿಯ ಬ್ರಷ್ಷುಗಳ ಲೋಟದಲ್ಲಿ ನಿಂತಿತ್ತು. ಒದ್ದೆಯಾಗಿತ್ತು. ಎಳೆಗಳ ಬುಡದಲ್ಲಿ ಬಿಳಿ ಪೇಸ್ಟು!

ವಿಜ್ಞಾನದ ವಿದ್ಯಾರ್ಥಿ ಗಾಬರಿಯಾಗುವುದಿಲ್ಲ, ತರ್ಕ ಮಾಡುತ್ತಾನೆ. ಕಲ್ಲು ಉಜ್ಜಿದ್ದು ಒಂಬತ್ತರ ಮೇಲೆ. ರೆಜೀನಾ ಹೋದದ್ದು ಎಂಟಕ್ಕೆ. ಮನೆಯಲ್ಲಿ ಉಳಿದವರು ಯಾರು? ಬೂಷಾ! ಕೆಂಪು ಟೇಪು ಅಂಗೈಯಗಲ ಕಾಣುತ್ತಿದ್ದರೂ, ನಿಯಮಗಳ ಹಾಳೆ ಕಣ್ಣೆದುರೇ ಇದ್ದರೂ, ಈ ಹೆಂಗಸು ಸಮುದ್ರದ ಬ್ರಷ್ಷಿನಲ್ಲಿ ಹಲ್ಲುಜ್ಜಿದ್ದಾರೆ! ನನಗೆ ಭಯ ಎಷ್ಟಾಯಿತೋ ಸಿಟ್ಟೂ ಅಷ್ಟೇ ಬಂತು. ಲೇಬಲ್ಲು ಓದುವ ಅಭ್ಯಾಸವೇ ಇಲ್ಲದ ಈ ಪ್ರಪಂಚಕ್ಕೆ ಪದ್ಧತಿ ಯಾಕೆ ಮಾಡಬೇಕು? ಯಾರಿಗಾಗಿ?

ಅಡುಗೆಮನೆಗೆ ಬಂದು, ಸಾಧ್ಯವಾದಷ್ಟು ಸಹಜವಾಗಿ ಕೇಳಿದೆ. "ಬೂಷಾ, ಬಾಯಲ್ಲಿ ಏನಾದ್ರೂ ಲೋಹದ ರುಚಿ ಬರ್ತಿದೆಯಾ?"

"ನೀನು ಮಾಡಿದ ಕಾಫಿ ಕುಡಿದ್ಮೇಲೆ ಯಾರಿಗೆ ಬರಲ್ಲ?"

"ತುಟಿ ಜುಮ್ ಅನ್ನತ್ತಾ?"

"ಮೊಣಕಾಲಿಂದ ಮೇಲೆ ಎಲ್ಲಾ ಜುಮ್ ಅನ್ನತ್ತೆ. ಹತ್ತು ವರ್ಷ ಆಯ್ತು. ಇವತ್ತು ಕೇಳೋಕೆ ನೆನಪಾಯ್ತಾ ನಿನಗೆ?"

ಲಕ್ಷಣ ಒಂದು, ಲಕ್ಷಣ ಎರಡು. ಎರಡನ್ನೂ ವೇಳೆ ಸಮೇತ ಚೀಟಿಯಲ್ಲಿ ಬರೆದುಕೊಂಡೆ. ಆತಂಕಕ್ಕೆ ನನ್ನ ತುಟಿಯೂ ಜುಮ್ಮೆನ್ನತೊಡಗಿತು. ಅತ್ತೆಯ ಮೇಲೆ ಇಷ್ಟು ಮರುಗುವ ಅಳಿಯ ಇನ್ನೆಲ್ಲಿ ಸಿಗುತ್ತಾನೆ ಹೇಳಿ!

ಬಟ್ಟೆ ಒಗೆಯುವ ಕೋಣೆಗೆ ಹೋಗಿ, ಬಾಗಿಲು ಮುಚ್ಚಿ, ವಿಷದ ಸಹಾಯವಾಣಿಗೆ ಫೋನು ಮಾಡಿದೆ. ಆ ಕಡೆಯ ಹೆಂಗಸು ಶಾಂತವಾಗಿ ಪ್ರಶ್ನೆ ಕೇಳುತ್ತಿದ್ದಳು, ನಾನು ಪಿಸುಗುಟ್ಟುತ್ತಿದ್ದೆ.

"ಎಪ್ಪತ್ತೊಂಬತ್ತು ವರ್ಷ... ಹೌದು, ನನ್ನ ಅತ್ತೆ... ವಿಷ ನನ್ನದೇ, ಮನೇಲೇ ಬೆಳೆಸಿದ್ದು... ಇಲ್ಲ ಇಲ್ಲ, ಅವರಿಗಿನ್ನೂ ಗೊತ್ತಿಲ್ಲ... ಪರಿಣಾಮ ಕಾಣಿಸೋಕೆ ಎಷ್ಟು ಗಂಟೆ ಬೇಕು?"

ಬಾಗಿಲು ತೆರೆಯಿತು. ಬೂಷಾ, ಕೈಯಲ್ಲಿ ಸೌಟು.

ಸಹಾಯವಾಣಿಯವಳು ಕೊನೆಗೆ ಹೇಳಿದ್ದು ಇಷ್ಟು: ಲೋಹದ ರುಚಿ, ಜುಮ್ಮೆನ್ನುವುದು ಇದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅದನ್ನು ಬೂಷಾರಿಗೆ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ರೆಜೀನಾ ಟರ್ಕಿ ಅಪ್ಪಿಕೊಂಡು ಒಳಗೆ ಬಂದಳು. ಬೂಷಾ ಬಾಗಿಲಲ್ಲೇ ತಡೆದರು.

"ರೆಜೀನಾ, ನಿನ್ನ ಗಂಡ ನನಗೆ ವಿಷ ಹಾಕಿದಾನೆ. ಗಾಬರಿ ಬೀಳ್ಬೇಡ. ಮೊದಲು ಟರ್ಕಿ ಫ್ರಿಜ್ಜಲ್ಲಿಡು."

ಅಡುಗೆಮನೆಯ ಮೇಜಿನ ಸುತ್ತ ನ್ಯಾಯಾಲಯ ಸೇರಿತು. ಪ್ರಾಣ ಉಳಿಸಲು ಹೊರಟವನನ್ನು ಕಟಕಟೆಯಲ್ಲಿ ನಿಲ್ಲಿಸಿದರು! ನಾನು ಬ್ರಷ್ಷನ್ನು ಸಾಕ್ಷಿಯಾಗಿ ಮೇಜಿನ ಮೇಲಿಟ್ಟೆ.

"ನಾನು ಟೇಪು ಹಚ್ಚಿದ್ದೆ! ನಾಲ್ಕನೇ ನಿಯಮ ಓದಿ! ಇಷ್ಟಾದ್ರೂ ಬೂಷಾ ಇದರಲ್ಲಿ ಹಲ್ಲುಜ್ಜಿದ್ರೆ ತಪ್ಪು ಯಾರದ್ದು? ನೀವೇ ಹೇಳಿ! ಈಗ ವಾದ ಬೇಡ, ಏಳಿ, ಆಸ್ಪತ್ರೆಗೆ ಹೋಗೋಣ."

ಬೂಷಾ ಏಳಲಿಲ್ಲ. ಬಾಯಿಗೆ ಎರಡು ಬೆರಳು ಹಾಕಿ, ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ತೆಗೆದು, ಬ್ರಷ್ಷಿನ ಪಕ್ಕದಲ್ಲಿ ಇಟ್ಟರು. ಆಮೇಲೆ ಗಾಳಿ ತುಂಬಿದ ದನಿಯಲ್ಲಿ ಹೇಳಿದರು:

"ಹದಿನೈದು ವರ್ಷ ಆಯ್ತು, ಹಲ್ಲುಜ್ಜಿ. ಇವು ಲೋಟದ ನೀರಲ್ಲಿ ನೆನೀತವೆ. ನಾನ್ಯಾಕಪ್ಪಾ ನಿನ್ನ ಬ್ರಷ್ಷು ಮುಟ್ಲಿ?"

ಹದಿನೈದು ವರ್ಷ! ಪ್ರತಿ ಹಬ್ಬಕ್ಕೂ ಎದುರಿಗೆ ಕೂತು ಊಟ ಮಾಡಿದ್ದೇನೆ. ಹವಳದ ಒಂದು ಹೂ ಮುದುಡಿದರೆ ಹತ್ತಡಿ ದೂರದಿಂದ ಗುರುತಿಸುವವನಿಗೆ ಅತ್ತೆಯ ಬಾಯಲ್ಲಿ ಹಲ್ಲಿಲ್ಲವೆಂಬುದು ಗೊತ್ತಾಗಿರಲಿಲ್ಲ.

ರೆಜೀನಾ ನಿಧಾನವಾಗಿ ನನ್ನ ಕಡೆ ತಿರುಗಿದಳು. "ನಾನು ಎಂಟಕ್ಕೆ ಹೋದೆ. ಅಮ್ಮನಿಗೆ ಹಲ್ಲಿಲ್ಲ. ಮನೇಲಿ ಇನ್ಯಾರಿದ್ರು, ಲೈಲ್?"

"ಯಾರೂ ಇಲ್ಲ."

"ಕಪುಸ್ತಾ ತಿಂದೆಯಾ?"

"ನಾಲ್ಕು ಸೌಟು."

"ತಿಂದು?"

"ಬಾಯಿ ಚೊಕ್ಕ..." ಎಂದವನು ನಿಲ್ಲಿಸಿದೆ.

"ಕನ್ನಡಕ ಹಾಕಿದ್ಯಾ?"

ನಾನು ತುಟಿ ಉಜ್ಜಿಕೊಂಡೆ.

"ಆಗಿಂದ ತುಟಿ ಯಾಕೆ ಉಜ್ಕೊಳ್ತಿದ್ದೀಯ?"

ಇಂಗು ತಿಂದ ಮಂಗನಾದೆ ಎನ್ನೋಣವೆಂದರೆ, ಇಂಗಾದರೂ ರುಚಿಯಿರುತ್ತದೆ. ನನ್ನ ಬಾಯಲ್ಲಿ ತಾಮ್ರದ ನಾಣ್ಯ ಚೀಪಿದ ರುಚಿ.

ಆಸ್ಪತ್ರೆಯ ದಾರಿಯುದ್ದಕ್ಕೂ ರೆಜೀನಾ ಬೈದಳು. ಒಂದು ಕೈ ಸ್ಟಿಯರಿಂಗ್ ಮೇಲೆ, ಇನ್ನೊಂದು ಕೈ ನನ್ನ ಮೊಣಕಾಲನ್ನು ಬಿಗಿಯಾಗಿ ಹಿಡಿದಿತ್ತು. ಬೈಗುಳ ಒಂದು ಕ್ಷಣವೂ ನಿಲ್ಲಲಿಲ್ಲ, ಆ ಕೈಯೂ ಸಡಿಲವಾಗಲಿಲ್ಲ. ಹಿಂದಿನ ಸೀಟಿನಲ್ಲಿ ಬೂಷಾ ಜಪಮಾಲೆ ತಿರುಗಿಸುತ್ತಿದ್ದರು. ಅವರ ಹಲ್ಲುಗಳು ಸ್ವಸ್ಥಾನ ಸೇರಿದ್ದವು.

ಎಳೆಯ ವಯಸ್ಸಿನ ಡಾಕ್ಟರು ನನ್ನ ಚೀಟಿಯನ್ನು ಎರಡು ಸಲ ಓದಿದರು.

"ಸಮುದ್ರದ ಹೂವಿಗೆ ಹಲ್ಲುಜ್ಜೋ ಬ್ರಷ್ಷು ಯಾಕೆ?"

"ಪಾಚಿ ತೆಗೆಯೋಕೆ."

"ಸರಿ. ನಿಮ್ಮ ಹಲ್ಲಿಗೆ ಅದೇ ಬ್ರಷ್ಷು ಯಾಕೆ?"

"ಅದು ಪದ್ಧತಿಯಲ್ಲಿ ಆದ ಒಂದು ಸಣ್ಣ..."

"ಡಾಕ್ಟ್ರೇ," ಬೂಷಾ ನಡುವೆ ಬಂದರು, "ಇವನು ತುಂಬಾ ಓದಿದಾನೆ. ಅದಕ್ಕೇನಾದ್ರೂ ಔಷಧಿ ಇದ್ರೆ ಅದನ್ನೂ ಕೊಟ್ಬಿಡಿ."

ಎದೆಗೆ ತಂತಿ ಅಂಟಿಸಿ ಆರು ಗಂಟೆ ಮಲಗಿಸಿದರು. ಸಂಜೆಗೆ ಜುಮ್ಮು ಇಳಿಯಿತು, ಬಾಯಿಯ ತಾಮ್ರವೂ ಹೋಯಿತು. ಅದೃಷ್ಟ ಎಂದರು ಡಾಕ್ಟರು. ಕಲ್ಲಿನಿಂದ ಬ್ರಷ್ಷಿಗೆ ಬಂದದ್ದು ತೀರ ಕಡಿಮೆ ಎಂದು ವಿವರಿಸಲು ಹೊರಟೆ. ರೆಜೀನಾ ನೋಡಿದಳು. ಅಂಗಿಯ ಗುಂಡಿ ಹಾಕಿಕೊಂಡೆ.

ಮಾರನೇ ದಿನ ಹಬ್ಬದೂಟ ಮುಗಿದ ಮೇಲೆ ತೀರ್ಪು ಬಂತು.

"ಯಾರ ಬಾಯಿಗಾದ್ರೂ ಅಂತ ಹೇಳಿದ್ದೆ," ಎಂದಳು ರೆಜೀನಾ.

"ಆ ಮಾತಿನ ಉದ್ದೇಶ ಬೇರೆಯವರ ಬಾಯಿ!" ಎಂದು ಸಿಡಿದೆದ್ದೆ. "ನನ್ನ ಬಾಯಿ ಲೆಕ್ಕಕ್ಕೆ ಬರಲ್ಲ!"

"ನಿನ್ನದೂ ಬಾಯೇ. ಎಲ್ಲರಿಗಿಂತ ದೊಡ್ಡದೇ ಇದೆ."

ಸುದ್ದಿ ಆಗಲೇ ಸಂಘದವರನ್ನು ಮುಟ್ಟಿತ್ತು. ಒಬ್ಬೊಬ್ಬರಾಗಿ ಫೋನು ಮಾಡಿದರು. "ಹೇಗಿದ್ದೀಯ ಲೈಲ್?" ಎಂದವರು ಉಸಿರು ಬಿಡುವ ಮೊದಲೇ "ತೊಟ್ಟಿ ಖಾಲಿ ಮಾಡ್ತೀಯಂತೆ, ಆ ಕಿತ್ತಳೆ ಕಲ್ಲು ಯಾರಿಗೆ?" ಎಂದರು. ಹೆಣ ಏಳುವ ಮೊದಲೇ ಆಸ್ತಿ ಹಂಚಿಕೊಳ್ಳುವ ದಾಯಾದಿಗಳೂ ಇಷ್ಟು ಅವಸರ ಮಾಡುವುದಿಲ್ಲ! ನಾಲ್ಕು ವರ್ಷದ ನೂರಾ ನಲವತ್ತೆರಡು ಹೂ ಶನಿವಾರ ಮಧ್ಯಾಹ್ನಕ್ಕೆ ಇಪ್ಪತ್ತು ಮನೆ ಪಾಲು. ನಾನು ತೊಟ್ಟಿಯ ಮುಂದೆ ಹೋಗಿ ಕೂತೆ. ಎಣಿಸಲಿಲ್ಲ, ಸುಮ್ಮನೆ ಕೂತೆ.

ಬೂಷಾ ಬಂದು ಪಕ್ಕದಲ್ಲಿ ನಿಂತರು. ಬಹಳ ಹೊತ್ತು ಗಾಜಿನೊಳಗೆ ನೋಡಿದರು.

"ಇದನ್ನ ನನ್ನ ಮನೆಗೆ ಕೊಡು," ಎಂದರು.

ರೆಜೀನಾ ಅಡುಗೆಮನೆಯಿಂದಲೇ ಕೂಗಿದಳು. "ಅಮ್ಮಾ, ನಿನಗ್ಯಾಕೆ ಆ ಕಾಟ? ವಿಷ ಅದು!"

"ವಿಷ ಇದ್ರೆ ಇರ್ಲಿ ಬಿಡೇ. ನಮ್ಮನೇಲಿ ಹಲ್ಲುಜ್ಜೋರು ಯಾರಿದಾರೆ?"

ಹೀಗೆ ನನ್ನ ಸಮುದ್ರ ಹನ್ನೆರಡು ಬೀದಿ ಆಚೆಯ ಅತ್ತೆಮನೆಗೆ ಹೋಯಿತು. ಕಲ್ಲು ಮುಟ್ಟುವ ಕೆಲಸ ನನ್ನದು, ಭಾನುವಾರ ಮಾತ್ರ, ಅದೂ ಅವರ ಕಣ್ಣೆದುರು. ಉಪ್ಪು, ಬಿಸಿ, ಸುಣ್ಣ ಅಳೆಯಲು ಪಟ್ಟಿಯೊಂದನ್ನು ಬರೆದುಕೊಟ್ಟೆ. ಅದನ್ನು ಬಿಸಿ ಪಾತ್ರೆಯ ಅಡಿಗೆ ಹಾಕಿದ್ದಾರೆ. ನೀರು ಕಡಿಮೆಯಾದರೆ ಒಂದು ಚೆಂಬು ಸುರಿಯುತ್ತಾರೆ, ಟಿವಿ ನೋಡುತ್ತಾ. ಅಷ್ಟೇ! ಮೂರು ತಿಂಗಳಲ್ಲಿ ಎಲ್ಲ ಸತ್ತುಹೋಗಬೇಕಿತ್ತು, ಶಾಸ್ತ್ರದ ಪ್ರಕಾರ. ಮೊನ್ನೆ ಭಾನುವಾರ ಕಿಟಕಿಯಿಂದಲೇ ಎಣಿಸಿದೆ. ನೂರಾ ಎಪ್ಪತ್ತೊಂದು ಹೂ, ಕೋಟಿನ ಗುಂಡಿಯಷ್ಟಗಲ ಅರಳಿಕೊಂಡು! ನನಗೆ ಉರಿದುಹೋಯಿತು. ಒಳಗೆ ನುಗ್ಗಿ, ಗಾಜಿಗೆ ಮೂಗು ತಗುಲಿಸಿ ಬಗ್ಗಿದೆ.

"ಏನು ಹಾಕ್ತೀರಿ ಇದಕ್ಕೆ, ಬೂಷಾ? ನಿಜ ಹೇಳಿ!"

ನನ್ನ ನೆರಳು ಬಿದ್ದದ್ದೇ ತಡ, ಆ ತುದಿಯಿಂದ ಈ ತುದಿಗೆ ನೂರಾ ಎಪ್ಪತ್ತೊಂದೂ ಹೂ ಒಂದೊಂದಾಗಿ ಬಾಯಿ ಮುಚ್ಚಿಕೊಂಡವು.

"ಏನೂ ಹಾಕಲ್ಲ," ಎಂದರು ಬೂಷಾ, ಟಿವಿಯಿಂದ ಕಣ್ಣು ತೆಗೆಯದೆ. "ನೀನು ಆ ಕಡೆ ಮೂಲೆ ಕುರ್ಚೀಲಿ ಹೋಗಿ ಕೂತ್ಕೋ, ಲೈಲ್. ಅವಕ್ಕೆ ಧೈರ್ಯ ಬಂದ್ಮೇಲೆ ಕರೀತೀನಿ."