ಬೀದಿಗೆಲ್ಲ ಹರಡಿದ ಬೊಜ್ಜು

ದರ್ಜಿ ಮಾಸ್ಟರಿಗೆ ಈ ಲೋಕದ ಮೇಲಿದ್ದ ದೂರು ಒಂದೇ. ಬೇರೆಯವರ ಕಾಯಿಲೆಗೆ ಕನಿಕರ ಸಿಗುತ್ತದೆ, ತಮ್ಮ ಕಾಯಿಲೆಗೆ ಬರೀ ಬುದ್ಧಿಮಾತು ಸಿಗುತ್ತದೆ. ಪಕ್ಕದ ಬೇಕರಿಯವನಿಗೆ ನೆಗಡಿಯಾದರೆ 'ಅಯ್ಯೋ ಪಾಪ, ಬೆಚ್ಚಗಿರಪ್ಪ' ಎನ್ನುವ ಜನ, ಮಾಸ್ಟರ ಹೊಟ್ಟೆಯನ್ನು ಕಂಡ ಕೂಡಲೇ 'ಸ್ವಲ್ಪ ಬಾಯಿ ಕಟ್ಟಿ ಮಾಸ್ಟ್ರೇ' ಎನ್ನುತ್ತಿದ್ದರು. ನೆಗಡಿ ಬಂದವನಿಗೆ ಮೂಗು ಕಟ್ಟು ಎಂದು ಯಾರೂ ಹೇಳುವುದಿಲ್ಲವಲ್ಲ, ಇದ್ಯಾವ ನ್ಯಾಯ?

ಡಾಕ್ಟರಮ್ಮನಂತೂ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಿದ್ದರು. ರಕ್ತದಲ್ಲಿ ಸಕ್ಕರೆ ಗಡಿಯ ಮೇಲೆ ನಿಂತಿದೆ. ಸೊಂಟದ ಸುತ್ತಳತೆ ನಲವತ್ತೆರಡು ಇಂಚು. ಮುಂದಿನ ಸಲ ಬರುವಾಗ ಅದು ನಲವತ್ತಕ್ಕಿಳಿದಿರಬೇಕು, ಇಲ್ಲವಾದರೆ ಮಾತ್ರೆ ಶುರು. ಮಾಸ್ಟರು ನಕ್ಕು ತಲೆಯಾಡಿಸಿದರು. ಅವರ ಹೆಂಡತಿ ನಗಲಿಲ್ಲ. ಮಾಸ್ಟರ ತಂದೆಯೂ ದರ್ಜಿಯೇ. ಇದೇ ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಲಾಗದೆ, ಕೊನೆಗಾಲದಲ್ಲಿ ಮಿಷನ್ನಿನ ಮುಂದೆ ಸುಮ್ಮನೆ ಕೈಕಟ್ಟಿ ಕೂತಿರುತ್ತಿದ್ದರು. ಆ ಮಾವನಿಗೆ ದಾರ ಪೋಣಿಸಿ ಕೊಡುತ್ತಿದ್ದವಳು ಈ ಸೊಸೆಯೇ.

ಹಾಗಾಗಿ ಅವಳು ಮನೆಯಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದಳು. ಚಹಾದಿಂದ ಸಕ್ಕರೆ ಗಡೀಪಾರಾಯಿತು. ಸಂಜೆಯ ಕೆನೆ ಬನ್ನು ನಿಷಿದ್ಧ ವಸ್ತುವಾಯಿತು. (ಬೇಕರಿ ಇದ್ದದ್ದು ಮಾಸ್ಟರ ಅಂಗಡಿಯ ಗೋಡೆಗೇ ಅಂಟಿಕೊಂಡು. ನಾಲ್ಕು ಗಂಟೆಗೆ ಒಲೆಯಿಂದ ಬನ್ನು ಹೊರಬರುವಾಗ ಗೋಡೆಯೇ ಘಮಘಮಿಸುತ್ತಿತ್ತು. ಅಂಥ ಕಡೆ ಕೂತು ಗುಂಡಿ ಹಚ್ಚುವ ಮನುಷ್ಯನ ಸಂಕಟ ಋಷಿಮುನಿಗಳಿಗೂ ಬೇಡ.) ಪ್ರತಿ ಭಾನುವಾರ ಬೆಳಿಗ್ಗೆ ಗಂಡನನ್ನು ನೇರ ನಿಲ್ಲಿಸಿ, ಅವರದೇ ಟೇಪಿನಿಂದ ಸೊಂಟ ಅಳೆಯುತ್ತಿದ್ದಳು.

"ಉಸಿರು ಬಿಡಿ ರೀ."

"ಬಿಟ್ಟಿದೀನಲ್ಲ."

"ಒಳಗೆ ಎಳ್ಕೊಂಡು ಬಿಟ್ಟೆ ಅಂತೀರಲ್ಲ, ನಾನೇನು ನಿಮ್ಮ ಗಿರಾಕಿಯಾ?"

ಸೊಪ್ಪು ಸದೆ ತಿಂದೂ ತಿಂದೂ ಅಳತೆ ಹೇಗೋ ನಲವತ್ತೊಂದಕ್ಕೆ ಬಂದಿತ್ತು. ಅಷ್ಟರಲ್ಲಿ ಗುಂಡಿ ಕಟ್ಟಿಕೊಟ್ಟಿದ್ದ ಹಳೇ ಪತ್ರಿಕೆಯ ತುಂಡೊಂದು ಮಾಸ್ಟರ ಕೈಗೆ ಸಿಕ್ಕಿತು. ಬೊಜ್ಜು, ಸಕ್ಕರೆ, ಹೃದಯದ ತೊಂದರೆ ಇವೆಲ್ಲದರ ಹಿಂದೆ ದೇಹದಲ್ಲಿ ಗುಟ್ಟಾಗಿ ಅಡಗಿರುವ ಸೋಂಕುಗಳ ಕೈವಾಡ ಇರಬಹುದೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರಂತೆ. ಹೊಟ್ಟೆಹುಣ್ಣಿಗೆ ಚಿಂತೆಯೇ ಕಾರಣ ಎಂದುಕೊಂಡಿದ್ದ ಕಾಲದಲ್ಲಿ ಕೊನೆಗೆ ಸಿಕ್ಕಿಬಿದ್ದದ್ದು ಒಂದು ಕ್ರಿಮಿಯಂತೆ. ಲೇಖನದ ತುಂಬ 'ಇರಬಹುದು', 'ಇನ್ನೂ ಖಚಿತವಿಲ್ಲ' ಎಂಬ ಮಾತುಗಳಿದ್ದವು. ಹೊಲಿಗೆ ಮುಗಿದ ಮೇಲೆ ಕಚ್ಚಾ ದಾರ ಕೀಳುವಂತೆ ಮಾಸ್ಟರು ಅವನ್ನೆಲ್ಲ ಕಿತ್ತುಹಾಕಿ ಓದಿದರು. ಓದಿ ಮುಗಿಸಿದಾಗ ಅವರ ಕಣ್ಣಲ್ಲಿ ನೀರಿತ್ತು. ಇಷ್ಟು ವರ್ಷ ಹೊತ್ತು ತಿರುಗಿದ ಹೊಟ್ಟೆ ತಮ್ಮ ತಪ್ಪಲ್ಲವೆಂದು ಯಾರಾದರೂ ಹೇಳಿದ್ದು ಅದೇ ಮೊದಲು.

"ನೋಡೇ ಇಲ್ಲಿ," ಎಂದು ಊಟಕ್ಕೆ ಕೂರುವ ಮುಂಚೆಯೇ ಪತ್ರಿಕೆ ಹಿಡಿದರು. "ಇದು ಬನ್ನಿನ ಬೊಜ್ಜಲ್ಲ. ವೃತ್ತಿಯಿಂದ ಬಂದ ರೋಗ. ದಿನಾ ಎಷ್ಟು ಜನರ ಸೊಂಟಕ್ಕೆ ಟೇಪು ಸುತ್ತಿ, ಅದನ್ನೇ ಕುತ್ತಿಗೆಗೆ ಹಾಕ್ಕೋತೀನಿ ಯೋಚ್ನೆ ಮಾಡು. ಯಾರದೋ ಕ್ರಿಮಿ, ನನ್ನ ಹೊಟ್ಟೆ."

ಹೆಂಡತಿ ಜಗಳಕ್ಕೆ ಬರುತ್ತಾಳೆ ಎಂದುಕೊಂಡು ಎರಡು ಉತ್ತರಗಳನ್ನು ಸಿದ್ಧವಿಟ್ಟುಕೊಂಡಿದ್ದರು. ಅವಳು ನಂಬಿಬಿಟ್ಟಳು. ಬನ್ನಿನ ನಿಷೇಧ ತೆಗೆಯಲಿಲ್ಲ, ಅದರ ಮೇಲೆ ಇದೂ ಸೇರಿತು. ಗಂಡನ ತಟ್ಟೆ ಲೋಟ ಬೇರೆಯಾದವು. ಅಂದೇ ಸಂಜೆ ಮಾಸ್ಟರ ಕುತ್ತಿಗೆಯಿಂದ ಟೇಪನ್ನು ಎರಡು ಬೆರಳಲ್ಲಿ ಎತ್ತಿ, ಸೋಡಾ ಪುಡಿ ಹಾಕಿದ ನೀರಿನಲ್ಲಿ ಚೆನ್ನಾಗಿ ಕುದಿಸಿ, ಕಿಟಕಿಯ ಸರಳಿಗೆ ಒಣಹಾಕಿದಳು. ಅದು ಅಪ್ಪನಿಂದ ಬಂದ ಹತ್ತಿಯ ಟೇಪು, ಹುಟ್ಟಿದಾಗಿನಿಂದ ನೀರು ಕಂಡದ್ದಲ್ಲ. ಅಂಕಿಗಳು ಸ್ವಲ್ಪ ಮಾಸಿದ್ದನ್ನು ಬಿಟ್ಟರೆ ಮದುಮಗನಂತೆ ಬೆಳ್ಳಗಾಗಿ ಬಂತು.

ಅದಾದ ವಾರದಿಂದ ಬೀದಿಯಲ್ಲಿ ಸಾಂಕ್ರಾಮಿಕ ಶುರುವಾಯಿತು.

ಮಾಸ್ಟರಿಗೆ ಗಿರಾಕಿಗಳ ಅಳತೆಯೆಲ್ಲ ತಲೆಯಲ್ಲೇ ಇರುತ್ತಿತ್ತು. ಇಪ್ಪತ್ತು ವರ್ಷದಿಂದ ಸೊಂಟ ಒಂದು ನೂಲೂ ಅಲುಗದಿದ್ದ ಅಂಚೆಯವನು ಒಂದಿಂಚು ಏರಿದ್ದ. ಗಾಳಿಗೆ ಹಾರುವಂತಿದ್ದ ಸಂಗೀತದ ಮೇಡಂ ಏರಿದ್ದರು. ಬ್ಯಾಂಕಿನ ಗುಮಾಸ್ತ ಒಂದೂವರೆ ಏರಿ, "ಹೊಸ ಪ್ಯಾಂಟು ಸರಿಯಾಗೇ ಕೂತಿದೆ, ಆದ್ರೆ ನಾನ್ಯಾವಾಗ ಇಷ್ಟು ದಪ್ಪ ಆದೆ ಮಾಸ್ಟ್ರೇ?" ಎಂದು ಕಂಗಾಲಾದ. ದಪ್ಪಗಿದ್ದವರಿಗೆ ಹೆಚ್ಚು, ತೆಳ್ಳಗಿದ್ದವರಿಗೆ ಕಡಿಮೆ. ಕ್ರಿಮಿಗೂ ಮೈಕೈ ತುಂಬಿರುವ ಕಡೆಯೇ ವಾಸ್ತವ್ಯ ಇಷ್ಟವೆಂದು ಮಾಸ್ಟರು ಸಿದ್ಧಾಂತ ಮಂಡಿಸಿದರು. ಇಷ್ಟರ ನಡುವೆ ಒಂದೇ ಒಳ್ಳೆಯ ಸುದ್ದಿಯೆಂದರೆ, ಬಟ್ಟೆ ಅಂಗಡಿಯವನು ಯಾಕೋ ಧಾರಾಳಿಯಾಗಿದ್ದ. ಯಾರು ತಂದ ಬಟ್ಟೆ ಅಳೆದರೂ ಹೇಳಿದ್ದಕ್ಕಿಂತ ಹೆಚ್ಚೇ ಇರುತ್ತಿತ್ತು.

ಎರಡನೆಯ ಭಾನುವಾರ ಮಾಸ್ಟರ ಸೊಂಟ ನಲವತ್ತೊಂದೂವರೆ ತೋರಿಸಿತು. ಕದ್ದು ಒಂದು ಬಿಸ್ಕತ್ತೂ ತಿಂದಿರಲಿಲ್ಲ ಪಾಪ. ಹೆಂಡತಿ ನಂಬದ ಕಣ್ಣಲ್ಲಿ ನೋಡಿದಾಗ ಅವರಿಗೆ ನಿಜಕ್ಕೂ ದುಃಖವಾಯಿತು. ಉಪವಾಸ ಮಾಡಿದರೂ ಏರುವುದಾದರೆ ಉಪವಾಸ ಯಾವ ಸುಖಕ್ಕೆ? ಮರುದಿನ ನಾಲ್ಕು ಗಂಟೆಗೆ ಗೋಡೆ ಘಮಘಮಿಸಿತು. ಮಾಸ್ಟರು ಎದ್ದು ಹೋದರು.

"ಅಕ್ಕ ಬೈಯಲ್ವಾ ಮಾಸ್ಟ್ರೇ?" ಎಂದ ಬೇಕರಿಯವನು.

"ಇದು ತಿನ್ನೋದ್ರಿಂದ ಬರೋದಲ್ಲಪ್ಪ, ಅಂಟಿಕೊಂಡು ಬರೋದು. ವಿಜ್ಞಾನಿಗಳೇ ಹೇಳಿದಾರೆ. ಎರಡು ಕೊಡು."

ತಿಂಗಳು ಹೀಗೇ ನಡೆಯಿತು. ಅಂಗಡಿಗೆ ಬಂದವರಿಗೆಲ್ಲ ಮಾಸ್ಟರು ಈ ಸೋಂಕಿನ ಉಪನ್ಯಾಸ ಕೊಟ್ಟರು. ಕೇಳಿದವರು ಸಮಾಧಾನ ಹೊಂದಿ ಪಕ್ಕದ ಅಂಗಡಿಗೆ ಹೋಗಿ ಬನ್ನು ತಿಂದರು.

ಈ ನಡುವೆ ಹೆಂಡತಿಯ ಹೊಸ ಉಡುಪಿಗೆ ಅಳತೆ ತೆಗೆದಾಗ ಅವಳೂ ಒಂದಿಂಚು ಮೇಲೇರಿದ್ದಳು. ಅಂದು ರಾತ್ರಿ ಗಂಡನ ಬೇರೆ ತಟ್ಟೆಯನ್ನು ಮತ್ತೆ ತನ್ನ ತಟ್ಟೆಯ ಪಕ್ಕಕ್ಕೇ ಜೋಡಿಸಿದಳು.

"ನಂಗೂ ಅಂಟಿದ ಮೇಲೆ ಇನ್ನೇನು ಬೇರೆ," ಎಂದಳು. ತನ್ನ ತಟ್ಟೆಗೆ ಮಾತ್ರ ನಾಲ್ಕು ಸೌತೆಕಾಯಿ ಹೋಳು ಹಾಕಿಕೊಂಡಳು.

"ಅಷ್ಟೇನಾ ಊಟ?"

"ಕ್ರಿಮಿಗೆ ಊಟ ಹಾಕೋದ್ಯಾಕೆ? ಹಸಿದು ಸಾಯ್ಲಿ. ಇಬ್ರಿಗೂ ಕಣ್ಣು ಹೋದ್ರೆ ದಾರ ಪೋಣಿಸೋರ್ಯಾರು?"

ಹೊಟ್ಟೆಯಲ್ಲಿ ಎರಡು ಬನ್ನು ಇಟ್ಟುಕೊಂಡು ಕೂತಿದ್ದ ಮಾಸ್ಟರು ತಮ್ಮ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಬರಬರುತ್ತಾ ಅವಳ ಕೆನ್ನೆ ಒಳಗೆ ಹೋಯಿತು, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯತೊಡಗಿದಳು. ರೋಗ ಉಲ್ಬಣಿಸುತ್ತಿದೆ ಎಂದು ಮಾಸ್ಟರು ಹೆದರಿದರು.

ಒಂದು ಮಧ್ಯಾಹ್ನ ಸಂಗೀತದ ಮೇಡಂ ಹೊಸ ಹತ್ತಿ ಬಟ್ಟೆ ತಂದು ಮಿಷನ್ನಿನ ಮೇಲಿಟ್ಟರು. ಮಾಸ್ಟರು ಜೀವಮಾನವಿಡೀ ಹೇಳಿದ ಮಾತನ್ನೇ ಮತ್ತೆ ಹೇಳಿದರು.

"ನೆನೆಸಿ ತಂದಿದೀರಾ ಮೇಡಂ? ಹಾಗೇ ಹೊಲಿದ್ರೆ ಆಮೇಲೆ ನನ್ನ ಬೈಬೇಡಿ. ಹತ್ತಿ ನೋಡಿ, ಮೊದಲ ಸಲ ನೀರಿಗೆ ಬಿದ್ದರೆ ಕುಗ್ಗೇ..."

ಮಾಸ್ಟರ ಕೈ ಮೆಲ್ಲಗೆ ಕುತ್ತಿಗೆಯ ಟೇಪಿನ ಮೇಲೆ ಹೋಯಿತು.

ಮೇಡಂ ಹೋದ ಮೇಲೆ ಮಾಸ್ಟರು ಬಾಗಿಲು ಅರ್ಧ ಮುಚ್ಚಿ, ಮೂಲೆಯಲ್ಲಿದ್ದ ಮರದ ಗೊಂಬೆಯ ಸೊಂಟಕ್ಕೆ ಟೇಪು ಸುತ್ತಿದರು. ಉಡುಪು ತೊಡಿಸಿ ನೋಡಲು ಇಟ್ಟುಕೊಂಡಿದ್ದ ಆ ಗೊಂಬೆಯದು ಇಪ್ಪತ್ತೆಂಟರ ಸೊಂಟ, ಬುಡದಲ್ಲಿ ಕೆತ್ತಿಯೇ ಇತ್ತು. ಟೇಪು ಇಪ್ಪತ್ತೊಂಬತ್ತು ಎಂದಿತು. ಜನ್ಮದಲ್ಲಿ ಒಂದು ಬನ್ನು ತಿನ್ನದ, ಯಾರ ಮೈಗೂ ಅಂಟದ ಆ ಹೆಂಗಸಿಗೂ ಸೋಂಕು ತಗುಲಿತ್ತು.

ಕುದಿಸಿದ ಟೇಪಿನಲ್ಲಿ ಇಂಚುಗಳೇ ಗಿಡ್ಡವಾಗಿದ್ದವು. ಮಾಸ್ಟರು ಸ್ಟೂಲಿನ ಮೇಲೆ ಕೂತು ಲೆಕ್ಕ ಹಾಕಿದರು. ಹಾಕಬಾರದಿತ್ತು. ಟೇಪು ನಲವತ್ತೊಂದೂವರೆ ಎಂದ ಆ ಭಾನುವಾರ ಅವರ ಸೊಂಟ ನಿಜವಾಗಿ ಇದ್ದದ್ದು ನಲವತ್ತು. ಡಾಕ್ಟರಮ್ಮನ ನಲವತ್ತು. ಗೆದ್ದದ್ದು ಗೊತ್ತಾಗದೆ, ಸೋತೆನೆಂದು ಬೇಜಾರಾಗಿ ಒಂದು ತಿಂಗಳು ಕೆನೆ ಬನ್ನು ತಿಂದಿದ್ದರು.

ಈಗ ಬಾಯಿಮುಚ್ಚಿಕೊಂಡು ಹೊಸ ಟೇಪು ಕೊಂಡರೆ ಯಾರಿಗೂ ತಿಳಿಯುವುದಿಲ್ಲ, ಬೀದಿಯೆಲ್ಲ ತನ್ನಷ್ಟಕ್ಕೇ ಗುಣವಾಗುತ್ತದೆ, ಕ್ರಿಮಿಯ ಮರ್ಯಾದೆಯೂ ಉಳಿಯುತ್ತದೆ. ಆ ಆಸೆ ಬಂದದ್ದು ನಿಜ. ಆದರೆ ಗೋಡೆ ಹಿಡಿದು ಮೆಟ್ಟಿಲು ಹತ್ತುವ ಹೆಂಡತಿ ಕಣ್ಣ ಮುಂದೆ ಬಂದಳು. ಇನ್ನೊಂದು ಹೊತ್ತೂ ಅವಳು ಸೌತೆಕಾಯಿ ತಿನ್ನಬಾರದು. ಮಾಸ್ಟರು ಪ್ಲಾಸ್ಟಿಕ್ಕಿನ ಹೊಸ ಟೇಪು ಕೊಂಡು ಸೀದಾ ಮನೆಗೆ ನಡೆದರು.

"ನಿಂಗೇನೂ ಆಗಿಲ್ಲ ಕಣೇ," ಎಂದರು ಬಾಗಿಲಲ್ಲೇ. "ಟೇಪು ಕುಗ್ಗಿದ್ದು. ನೀನು ದಪ್ಪ ಆಗಿಲ್ಲ, ಸೊರಗಿ ಹೋಗಿದೀಯ. ಮೊದಲು ಊಟ ಮಾಡು."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹೊಸ ಟೇಪಿನಿಂದ ಅಳೆದು ನೋಡಿದರೆ, ಮೊದಲಿಗಿಂತ ಎರಡಿಂಚು ಕಮ್ಮಿ. ಅವಳು ಗೋಡೆಗೊರಗಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ಊರಿಗೆಲ್ಲ ನೆನೆಸಿ ತನ್ನಿ ಅಂತೀರಿ, ಮನೇಲಿ ಕುದಿಸೋವಾಗ ಒಂದು ಮಾತು ಹೇಳ್ಬಾರದಿತ್ತಾ?" ಎಂದು, ತಟ್ಟೆ ತುಂಬ ಬಡಿಸಿಕೊಂಡು ಹೊಟ್ಟೆತುಂಬ ಉಂಡಳು. ಮಾಸ್ಟರು ಅದನ್ನು ನೋಡುತ್ತ ಕೂತರು. ಅವರಿಗೆ ಅಷ್ಟು ನೆಮ್ಮದಿ ಎಷ್ಟೋ ದಿನದಿಂದ ಸಿಕ್ಕಿರಲಿಲ್ಲ.

ಕೈ ತೊಳೆದು ಬಂದವಳು ಟೇಪು ಎತ್ತಿಕೊಂಡಳು.

"ಈಗ ನೀವು ನಿಲ್ಲಿ. ಟೇಪು ಕುಗ್ಗಿದ್ದಾದ್ರೆ ನೀವೂ ಇಳಿದಿರ್ಬೇಕಲ್ಲ."

ಹೊಸ ಟೇಪು ನಲವತ್ತೆರಡು ಎಂದಿತು.

ಅವಳು ಇನ್ನೊಮ್ಮೆ ಅಳೆದಳು. ಗಂಡನ ಮುಖ ನೋಡಿದಳು. ಅಂಗಿಯ ತೋಳಿನ ಮಡಿಕೆಯಲ್ಲಿ ಅಂಟಿ ಒಣಗಿದ್ದ ಬಿಳೀ ಕಲೆಯನ್ನು ಉಗುರಿನಲ್ಲಿ ಕೆರೆದು ಮೂಸಿದಳು.

"ಈ ಕ್ರಿಮಿ ಕೆನೆ ಹಚ್ಕೊಂಡು ಬರುತ್ತೆ ಅಂತ ಪತ್ರಿಕೇಲಿ ಬರೆದಿತ್ತಾ ರೀ?"

ಮಾಸ್ಟರು ತೋಳಿನ ಮಡಿಕೆ ಬಿಡಿಸಿ ಕೆಳಗಿಳಿಸಿಕೊಂಡರು.

ಮರುದಿನ ನಾಲ್ಕು ಗಂಟೆಗೆ ಗೋಡೆ ಎಂದಿನಂತೆ ಘಮಘಮಿಸಿತು. ಕೊನೆಯದೊಂದು ಬನ್ನು, ವಿದಾಯದ ಬನ್ನು ಎಂದುಕೊಂಡು ಮಾಸ್ಟರು ಹೋದರು. ಬೇಕರಿಯವನು ಗಾಜಿನ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟ.

"ಬೆಳಿಗ್ಗೆ ಅಕ್ಕ ಬಂದಿದ್ರು ಮಾಸ್ಟ್ರೇ. ದೂರ ನಿಂತ್ಕೊಳ್ಳಿ. ಅಂಟುರೋಗ ಇರೋರು ಡಬ್ಬಿ ಹತ್ರ ಬರೋ ಹಾಗಿಲ್ಲ."

"ಅಂಟುರೋಗ ಇಲ್ಲ, ಮಣ್ಣೂ ಇಲ್ಲ. ಟೇಪು ಕುಗ್ಗಿತ್ತು ಅಷ್ಟೇ."

"ಹಾಗಾದ್ರೆ ಆ ಹೊಟ್ಟೆ ನಮ್ಮ ಬನ್ನಿಂದಾನೇ ಬಂದಿದ್ದಾ?" ಬೇಕರಿಯವನ ಮುಖ ಸಣ್ಣಗಾಯಿತು. "ಹಾಗಿದ್ರಂತೂ ನಾನು ಕೊಡೋದೇ ಇಲ್ಲ. ನಿಮ್ಮ ಅಪ್ಪನ ಕಣ್ಣು ಹೇಗಾಯ್ತು ಅಂತ ಅಕ್ಕ ಹೇಳಿದ್ರು. ನಾಳೆ ನನ್ನ ಅಂಗಿ ಯಾರು ಹೊಲೀತಾರೆ?"

ಮಾಸ್ಟರು ಬರಿಗೈಯಲ್ಲಿ ಅಂಗಡಿಗೆ ಮರಳಿದರು. ಮಿಷನ್ನಿನ ಮೇಲೆ ಮನೆಯಿಂದ ಬಂದ ಡಬ್ಬಿ ಕೂತಿತ್ತು. ತೆರೆದರೆ ಒಳಗೆ ಸೌತೆಕಾಯಿ ಹೋಳು. ಅದನ್ನು ಕಡಿಯುತ್ತ ಮೂಲೆಯ ಮರದ ಗೊಂಬೆಯನ್ನು ನೋಡಿದರು. ಹೊಸ ಟೇಪು ಸುತ್ತಿಕೊಂಡು ಅವಳು ಇಪ್ಪತ್ತೆಂಟಕ್ಕೆ ಇಳಿದು ನಿಂತಿದ್ದಳು. ಏನೂ ಬಿಡದೆ, ಬಾಯಿ ಕಟ್ಟದೆ ಪೂರ್ತಿ ಗುಣವಾದ ರೋಗಿ ಆ ಬೀದಿಯಲ್ಲಿ ಅವಳೊಬ್ಬಳೇ.